ಅಣ್ಣಾ, ಸಬ್‌ವೂಫರಿಗೆ ಎಷ್ಟ ವ್ಯಾಟಿನ ಆಂಪ್ ಹಾಕ್ಲಿ?

ಮುಧೋಳದಾಗ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡೋ ನನಗ ವಾಟ್ಸಾಪಿನ್ಯಾಗ ಬರೋ ಫೋಟೋ ಬಹಳಷ್ಟು ಒಂದ ನಮೂನಿ ಇರ್ತಾವು. ಗಾಡಿ ಸ್ಟೀರಿಯೋದ ಸೌಂಡ್ ಜೋರ ಮಾಡೋ ಆಂಪ್ಲಿಫೈಯರಿನ (ಆಂಪ್) ಡಬ್ಬಿ, ಅದರ ಮ್ಯಾಲ ಬೆಂಕಿ ಚಿತ್ರ, ದಪ್ಪ ಅಕ್ಷರದಾಗ 3000 ವ್ಯಾಟ್ ಅಂತ ಬರದಿರತೈತಿ, ಕೆಳಗ ಮೆಸೇಜು: "ಅಣ್ಣಾ, 12 ಇಂಚಿನ ಸಬ್ ತಗೊಂಡೇನಿ, ಇದಕ್ಕ ಈ ಆಂಪ್ ನಡೀತೈತೇನು, ಇಲ್ಲಾ ಇನ್ನೂ ದೊಡ್ಡದ ಹಾಕ್ಲ್ಯಾ?" ಜಮಖಂಡಿಯವರು, ಮಹಾಲಿಂಗಪುರದವರು, ಲೋಕಾಪುರದವರು, ಸ್ವಿಫ್ಟಿನವರು, ಬೊಲೆರೊದವರು, ಕಬ್ಬಿನ ಟ್ರ್ಯಾಕ್ಟರಿನವರು, ಎಲ್ಲಾರದೂ ಇದ ಪ್ರಶ್ನೆ. ಸಬ್ ಅಂದ್ರ ಸಬ್‌ವೂಫರ್, ಬೇಸ್ ಹೊಡಿಯೋ ದೊಡ್ಡ ಸ್ಪೀಕರ್. ಒಬ್ಬೊಬ್ಬರಿಗೆ ಟೈಪ್ ಮಾಡಿ ಮಾಡಿ ಬ್ಯಾಸರಾಗೇತಿ, ಅದಕ್ಕ ಒಮ್ಮೆಕ್ಕ ಇಲ್ಲಿ ಬರದ ಇಡತೀನಿ.

ಅವಸರದವರಿಗೆ ಮೊದಲ ಉತ್ತರ. ಡಬ್ಬಿ ಮ್ಯಾಲಿನ ವ್ಯಾಟ್ ಓದಬ್ಯಾಡ್ರಿ, ಆಂಪ್ ತಿರುವಿ ಹಾಕಿ ಅದರ ಫ್ಯೂಸ್ ಓದ್ರಿ. ಆಮ್ಯಾಲ ಸಬ್ಬಿನ ಆರ್‌ಎಂಎಸ್ (ಒಂದ ಸಮ ತಡಿಯೋ ವ್ಯಾಟ್) ಎಷ್ಟು, ಅದರ ಒಳಗಿನ ತಂತಿ ಸುರುಳಿ, ಅಂದ್ರ ಕಾಯಿಲ್, ಎಷ್ಟ ಓಮ್ (ಕರೆಂಟಿಗೆ ಒಡ್ಡೋ ತಡಿ) ನೋಡ್ರಿ. ಇವು ಹೊಂದಿದ್ರ ಸಾಕು, ದೊಡ್ಡ ಆಂಪಿಗೆ ಇಟ್ಟ ರೊಕ್ಕ ಉಳಿಸಿ ವೈರಿಗೆ ಹಾಕ್ರಿ.

ಫ್ಯೂಸಿನ ಲೆಕ್ಕ ಏನು ಅಂದ್ರ, ಗಾಡಿ ಚಾಲೂ ಇದ್ದಾಗ ಬ್ಯಾಟರಿ ಮ್ಯಾಲ ಸುಮಾರು 13.8 ವೋಲ್ಟ್ ಇರತೈತಿ, ಹೆಚ್ಚಂದ್ರ 14.4. ಆ 3000 ವ್ಯಾಟಿನ ಆಂಪಿಗೆ 25 ಆಂಪಿಯರಿನ ಒಂದ ಫ್ಯೂಸ್ ಐತಿ ಅನ್ಕೋರಿ, 25ನ್ನ 13.8ಕ್ಕ ಗುಣಸಿದ್ರ 345 ವ್ಯಾಟ್, ಅಷ್ಟ ಒಳಗ ಹೋಗೋದು. ಈಗಿನ ನಮೂನಿ ಕ್ಲಾಸ್ ಡಿ ಆಂಪ್ ಆಗಿದ್ರ ಅದರಾಗ ನೂರಕ್ಕ 80ರ ಸುಮಾರು ಹೊರಗ ಬರತೈತಿ, ಅಂದ್ರ 275 ವ್ಯಾಟ್. ಹಳೇ ನಮೂನಿ ಕ್ಲಾಸ್ ಎಬಿ ಆಗಿದ್ರ ಅರ್ಧದ ಆಸುಪಾಸು, ಉಳಿದದ್ದೆಲ್ಲಾ ಬಿಸಿ ಆಗಿ ಹೋಗೋದು. 345 ಹಾಕಿದ್ರ 3000 ಕೊಡೋ ಮಷಿನ್ ಖರೇನ ಇದ್ದಿದ್ರ ಕರೆಂಟ್ ಕೊಡೋ ಹೆಸ್ಕಾಂನವರ ಮೊದಲ ಒಯ್ತಿದ್ರು. ಹಾಡಿನ್ಯಾಗ ಒಂದ ಕ್ಷಣದ ಹೊಡತಕ್ಕ ಫ್ಯೂಸ್ ತನ್ನ ನಂಬರಿಗಿಂತ ಜಾಸ್ತಿ ತಡೀತೈತಿ, ಅದು ಖರೆ, ಆದ್ರ ಒಂದ ಸಮ ನಡದ್ರ ಹಾರತೈತಿ. ಮತ್ತ ಇದನ್ನ ಉಲ್ಟಾ ತಿಳಕೋಬ್ಯಾಡ್ರಿ, ಫ್ಯೂಸ್ ದೊಡ್ಡದ ಐತಿ ಅಂದ್ರ ಪವರ್ ಐತಿ ಅಂತಲ್ಲ, ಇದಕ್ಕಿಂತ ಜಾಸ್ತಿ ಇರಾಕ ಸಾಧ್ಯ ಇಲ್ಲ ಅನ್ನೋದಷ್ಟ ಫ್ಯೂಸ್ ಹೇಳತೈತಿ. ಒಳ್ಳೆ ಕಂಪನಿ ಆಂಪಿನ ಮ್ಯಾಲ ಸಿಟಿಎ-2006 ಅಂತ ಒಂದ ಗುರ್ತು ಇರತೈತಿ, ಮೊದಲ ಇದಕ್ಕ ಸಿಇಎ ಅಂತಿದ್ರು. 14.4 ವೋಲ್ಟಿಗೆ, 4 ಓಮಿಗೆ, ನೂರಕ್ಕ ಒಂದರಷ್ಟು ಡಿಸ್ಟಾರ್ಶನ್ (ದನಿ ಕೆಡೋದು) ದಾಟದಂಗ ಅಳದ ವ್ಯಾಟ್ ಅಂತ ಅದರ ಅರ್ಥ. ಅದಿದ್ರ ನಂಬರ್ ನಂಬಬಹುದು.

ಸಬ್ 300 ಆರ್‌ಎಂಎಸ್ ಇದ್ರ ಆಂಪ್ 250ರಿಂದ 400ರ ಒಳಗ ಯಾವ್ದಾದ್ರೂ ಸೈ. "ಸಣ್ಣ ಆಂಪ್ ಹಾಕಿದ್ರ ಸಬ್ ಸುಡಂಗಿಲ್ಲ, ಸೇಫ್" ಅಂತ ಭಾಳ ಮಂದಿ ತಿಳಕೊಂಡಾರ, ನನ್ನ ಕಡೆ ಸುಟ್ಟ ಬಂದ ಸಬ್ಬಿನ್ಯಾಗ ಬಹುಪಾಲು ಸಣ್ಣ ಆಂಪಿನವ ಅದಾವು. ಸಾಲದ ಆಂಪನ್ನ ಫುಲ್ ಇಟ್ರ ಅದು ಕ್ಲಿಪ್ ಆಗತೈತಿ, ಅಂದ್ರ ಸಿಗ್ನಲಿನ ತಲಿ ಕತ್ತರಿಸಿ ಸಪಾಟ ಆಗತೈತಿ, ಆವಾಗ ಕಾಯಿಲಿಗೆ ಉಸಿರಾಡಾಕ ಟೈಮ ಸಿಗಂಗಿಲ್ಲ, ಕಾಯ್ತಾ ಹೋಗಿ ವಾರ್ನಿಶ್ ಸುಡತೈತಿ. ಆ ವಾಸನಿ ಒಮ್ಮೆ ಮೂಸಿದವರು ಮರಿಯಂಗಿಲ್ಲ, ಡಿಕ್ಕಿ ತಗದ ಕೂಡ್ಲೆ ಮೂಗಿಗೆ ಹೊಡಿತೈತಿ.

ಇನ್ನ ಓಮ್. ಇಲ್ಲೇ ಬಹಳ ಮಂದಿ ಎಡವೋದು. ಸಬ್ಬಿನ ಮ್ಯಾಗ್ನೆಟ್ ಮ್ಯಾಲೆ ಚೀಟಿ ಇರತೈತಿ, ಸಿಂಗಲ್ 4 ಓಮ್ ಅಂತ ಇದ್ರ ತಲಿಬ್ಯಾನಿ ಇಲ್ಲ. ಡಬಲ್ ಕಾಯಿಲ್ 4 ಪ್ಲಸ್ 4 ಇದ್ರ ಎರಡೂ ಪ್ಲಸ್ ಕೂಡಿಸಿ ಎರಡೂ ಮೈನಸ್ ಕೂಡಿಸಿದ್ರ 2 ಓಮ್, ಒಂದರ ಮೈನಸ್ ಇನ್ನೊಂದರ ಪ್ಲಸ್ಸಿಗೆ ಹಾಕಿದ್ರ 8 ಓಮ್. 2 ಪ್ಲಸ್ 2 ಇದ್ರ 1 ಇಲ್ಲಾ 4. ಅಂಥಾ 4 ಪ್ಲಸ್ 4ರ ಸಬ್ ಎರಡ ಇದ್ದು ಎಲ್ಲಾನೂ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಹಾಕಿದ್ರ 1 ಓಮಿಗೆ ಇಳಿತೈತಿ. ಆಂಪಿನ ಪುಸ್ತಕದಾಗ 4 ಓಮಿಗೆ ಇಷ್ಟು, 2 ಓಮಿಗೆ ಇಷ್ಟು ಅಂತ ಬ್ಯಾರೆ ಬ್ಯಾರೆ ಬರದಿರತೈತಿ, ನಿಮ್ಮ ಸಬ್ ಯಾವ ಓಮಿಗೆ ಬಂದು ನಿಲ್ಲತೈತೋ ಆ ಸಾಲನ್ನ ಓದಬೇಕು. ಓಮ್ ಕಡಿಮಿ ಆದಂಗ ಪವರ್ ಜಾಸ್ತಿ, ಬಿಸಿನೂ ಜಾಸ್ತಿ. ಮೊನೊಬ್ಲಾಕ್ (ಒಂದ ಚಾನೆಲ್ಲಿನ) ಆಂಪ್ ಬಹುತೇಕ 2 ಓಮ್ ತಡೀತಾವು, ಕೆಲವು 1 ಓಮಿನವೂ ಅದಾವು, ಆದ್ರ ಎರಡ ಚಾನೆಲ್ ಇಲ್ಲಾ ನಾಕ ಚಾನೆಲ್ ಆಂಪನ್ನ ಬ್ರಿಡ್ಜ್ ಮಾಡಿದ್ರ (ಎರಡ ಚಾನೆಲ್ ಕೂಡಿಸಿ ಒಂದ ಸಬ್ಬಿಗೆ ಕೊಟ್ರ) ಸಾಮಾನ್ಯವಾಗಿ 4 ಓಮಿಗಿಂತ ಕೆಳಗ ಹೋಗೋ ಹಂಗಿಲ್ಲ, ಹೋದ್ರ ಪ್ರೊಟೆಕ್ಟ್ ಲೈಟ್ ಹತ್ತಿ ಕುಂದರತೈತಿ, ಇಲ್ಲಾಂದ್ರ ಹೊಗಿ. ಚೀಟಿ ಹರದಿದ್ರ ಮಲ್ಟಿಮೀಟರ್ ಹಚ್ಚಿ ನೋಡ್ರಿ, 4 ಓಮಿನ ಕಾಯಿಲ್ 3.2ರಿಂದ 3.6ರ ನಡುವ ತೋರಸತೈತಿ, ಅದ ಸರಿ, "ಕಡಿಮಿ ಐತಲ್ಲ ಅಣ್ಣಾ, ಕೆಟ್ಟೈತೇನು" ಅಂತ ಗಾಬರಿ ಬೀಳಬ್ಯಾಡ್ರಿ.

300 ತಗೋಳ್ಳೋದಾ 600 ತಗೋಳ್ಳೋದಾ ಅನ್ನೋರಿಗೆ ಒಂದ ಮಾತು. ಪವರ್ ಡಬಲ್ ಮಾಡಿದ್ರ ಸಿಗೋದು ಬರೇ 3 ಡೆಸಿಬಲ್. ಕಿವಿಗೆ ಡಬಲ್ ಅನ್ನಸಬೇಕಂದ್ರ ಸುಮಾರು ಹತ್ತ ಪಟ್ಟು ಪವರ್ ಬೇಕು. ಸಬ್ ಕೂಡಸೋ ಡಬ್ಬಾ ಸರಿಯಾದ ಅಳತಿದಾಗ ಗಟ್ಟಿ ಪ್ಲೈನ್ಯಾಗ ಮಾಡಿಸಿದ್ರ ಅದರಷ್ಟ ಫರಕ್ ಕಡಿಮಿ ಖರ್ಚಿನ್ಯಾಗ ಬರತೈತಿ.

ವೈರಿನ ವಿಷಯಕ್ಕ ಬರೋಣು, ಇದ ಅಸಲಿ. ಆಂಪಿಗೆ ಹತ್ತ ಸಾವಿರ ಕೊಟ್ಟ ಮನಷ್ಯಾ ವೈರಿಂಗ್ ಕಿಟ್ ಅಂದ ಕೂಡ್ಲೆ "ಅಗ್ಗಂದ ಕೊಡ್ರಿ" ಅಂತಾನ. ಆ ಅಗ್ಗದ ಕಿಟ್ಟಿನ ಕೆಂಪು ವೈರ್ ಕೈಯಾಗ ಹಿಡದ್ರ ದಪ್ಪ ಇರತೈತಿ, ಹಗುರಾಗಿರತೈತಿ. ತುದಿ ಸುಲದು ಒಂದ ಎಳಿ ತಗೊಂಡು ಬ್ಲೇಡಿಲೆ ಕೆರದ ನೋಡ್ರಿ, ಮ್ಯಾಲ ತಾಮ್ರದ ಬಣ್ಣ ಹೋಗಿ ಒಳಗ ಬೆಳ್ಳಗ ಕಂಡ್ರ ಅದು ಅಲ್ಯೂಮಿನಿಯಂ, ತಾಮ್ರದ ಲೇಪ ಅಷ್ಟ. ಎಳಿ ನಾಕೈದ ಸಲ ಮಡಚಿದ್ರ ಪಟ್ ಅಂತ ಮುರಿತೈತಿ. ಉಲ್ಟಾ, ಮ್ಯಾಲ ಬೆಳ್ಳಗಿದ್ದು ಕೆರದ್ರ ಒಳಗ ಕೆಂಪ ಬಂದ್ರ ಅದು ತವರ ಹಚ್ಚಿದ ತಾಮ್ರ, ಅದು ಚೊಲೋ ಮಾಲು, ಅದನ್ನ ನೋಡಿ ಡುಪ್ಲಿಕೇಟ್ ಅಂತ ವಾಪಸ್ ಕೊಟ್ಟವರೂ ಅದಾರ. ಅಲ್ಯೂಮಿನಿಯಂ ತಾಮ್ರದ ನೂರಕ್ಕ 60ರಷ್ಟ ಕರೆಂಟ್ ಒಯ್ಯತೈತಿ, ಹಂಗಾಗಿ ಅದನ್ನ ಹಾಕೋದ ಆದ್ರ ಒಂದ ಸೈಜ್ ದಪ್ಪ ಹಾಕಬೇಕು.

ಲೆಕ್ಕ ಮಾಡಿ ತೋರಸತೀನಿ. 500 ಆರ್‌ಎಂಎಸ್ಸಿನ ಕ್ಲಾಸ್ ಡಿ ಆಂಪ್ ಫುಲ್ಲಿಗೆ 45 ಆಂಪಿಯರ್ ಎಳಿತೈತಿ, ಬಾನೆಟ್ಟಿನಿಂದ ಡಿಕ್ಕಿಗೆ 5 ಮೀಟರ್ ವೈರ್ ಹಿಡೀರಿ. 4 ಗೇಜಿನ (ಗೇಜ್ ನಂಬರ್ ಸಣ್ಣದಾದಷ್ಟ ವೈರ್ ದಪ್ಪ) ತಾಮ್ರದಾಗ ದಾರ್ಯಾಗ ಹೋಗೋದು 0.2 ವೋಲ್ಟಿಗಿಂತ ಕಡಿಮಿ, 8 ಗೇಜಿನ್ಯಾಗ 0.46, ಮನಿ ವೈರಿಂಗಿನ 4 ಸ್ಕ್ವೇರ್ ಎಂಎಂ ವೈರ್ ಎಳದ್ರ 1 ವೋಲ್ಟ್. 13.8 ಹೊಂಟಿದ್ದು 12.8 ಆಗಿ ಮುಟ್ಟತೈತಿ, ಬೇಸ್ ಹೊಡದಾಗೊಮ್ಮೆ ಆಂಪ್ ಕುಸೀತೈತಿ, ವೈರ್ ಕಾಯ್ತೈತಿ. ಅದಕ್ಕ 300 ವ್ಯಾಟಿನ ತನಕ 8 ಗೇಜ್, ಅದರ ಮ್ಯಾಲ 4 ಗೇಜ್ ಅಂತ ನಾ ಹಾಕತೀನಿ. "ಬೋರಿನ ಫ್ಲ್ಯಾಟ್ ಕೇಬಲ್ ಹೊಲದಾಗ ಉಳದೈತಿ, ತಾಮ್ರದ್ದ ಐತಲ್ಲ, ಅದನ್ನ ಹಾಕಿ ಕೊಡು ತಮ್ಮಾ" ಅಂತ ಕಾಕಾಗೋಳು ಬರತಾರ. ತಾಮ್ರ ಖರೆ ಕಾಕಾ, ಮೂರೂ ಕೋರ್ ಕೂಡಿಸಿದ್ರ ಲೆಕ್ಕಕ್ಕನೂ ಸಾಲತೈತಿ, ಆದ್ರ ನೀರಿನ್ಯಾಗ ಇರಾಕ ಮಾಡಿದ ಕವಚ ಅದು, ಇಂಜಿನ್ನಿನ ಕಾವಿಗೆ ಮೆತ್ತಗಾಗಿ ತಗಡಿಗೆ ತಾಗಿದಲ್ಲೆ ಕೊಯ್ದು ಹೋಗತೈತಿ. ಬ್ಯಾಡ.

ಬ್ಯಾಟರಿ ಪ್ಲಸ್ಸಿನಿಂದ ಒಂದೂವರಿ ಫೂಟಿನ ಒಳಗ ಫ್ಯೂಸ್ ಇರಲೇಬೇಕು. ಆಂಪಿನ್ಯಾಗ ಫ್ಯೂಸ್ ಐತಲ್ಲ ಮತ್ಯಾಕ ಅಂತ ಕೇಳತಾರ. ಆಂಪಿನ ಫ್ಯೂಸ್ ಆಂಪಿಗೆ. ನಡುವ ಐದ ಮೀಟರ್ ವೈರ್ ಎಲ್ಲಿಯಾದ್ರೂ ಬಾಡಿಗೆ ತಾಗಿದ್ರ ಕರೆಂಟು ಬ್ಯಾಟರಿಯಿಂದ ಸೀದಾ ತಗಡಿಗೆ ಹೋಗತೈತಿ, ಆಂಪಿನ ಫ್ಯೂಸಿಗೆ ಸುದ್ದಿನ ಗೊತ್ತಾಗಂಗಿಲ್ಲ, ವೈರ್ ಕೆಂಪಗಾಗಿ ಕಾರ್ಪೆಟ್ ಹತ್ತತೈತಿ. ಒಂದ ಬೊಲೆರೊ ಬಂದಿತ್ತು, ಇಂಜಿನ್ ಮತ್ತ ಕ್ಯಾಬಿನ್ ನಡುವಿನ ತಗಡಿಗೆ ಯಾರೋ ಡ್ರಿಲ್ ಹೊಡದು ರಬ್ಬರ್ ಬುಶ್ ಹಾಕದ ವೈರ್ ತೂರಿಸಿದ್ರು. ನಮ್ಮ ಹೊಲದ ರಸ್ತೆ ಅಲುಗಾಟಕ್ಕ ತೂತಿನ ಅಂಚು ಕೆಂಪ ಪ್ಲಾಸ್ಟಿಕ್ಕನ್ನ ಅರ್ಧ ಸುತ್ತು ಕೊಯ್ದಿತ್ತು, ಒಳಗಿನ ಎಳಿ ಮಿಂಚತಿದ್ವು, ತಗಡಿಗೂ ಅದಕ್ಕೂ ಒಂದ ಉಗರಿನ ಸಂದಿ ಅಷ್ಟ ಇತ್ತು. ಬ್ಯಾಟರಿ ಕಡೆ ಫ್ಯೂಸ್ ಇರಲಿಲ್ಲ. ಹೊಸಾ ತೂತು ಬ್ಯಾಡ, ಕಂಪನಿ ವೈರಿಂಗ್ ಹೋದ ಗ್ರೋಮೆಟ್ಟಿನ್ಯಾಗ (ರಬ್ಬರ್ ಬುಶ್) ತೂರಿಸ್ರಿ. ಫ್ಯೂಸ್ ಸೈಜ್ ವೈರ್ ನೋಡಿ, 8 ಗೇಜಿಗೆ 50 ಇಲ್ಲಾ 60 ಆಂಪಿಯರ್, 4 ಗೇಜಿಗೆ 100, ಅದಕ್ಕೂ ಕಡಿಮಿ ಸಾಕಾದ್ರ ಕಡಿಮಿನ ಹಾಕ್ರಿ. ಕೆಲಸ ಶುರು ಮಾಡೋಕಿಂತ ಮೊದಲ 10 ನಂಬರ ಪಾನಾ ತಗೊಂಡು ಬ್ಯಾಟರಿ ಮೈನಸ್ ಬಿಚ್ಚೋದು ಮರೀಬ್ಯಾಡ್ರಿ.

ಅರ್ಥ್ ವೈರ್ ಪ್ಲಸ್ಸಿನಷ್ಟ ದಪ್ಪ ಇರಬೇಕು, ಎರಡ ಫೂಟಿನ ಒಳಗ ಮುಗೀಬೇಕು. ಬಾಡಿ ತಗಡಿನ ಪೇಂಟು ಪಾಲಿಶ್ ಪೇಪರಿಲೆ ಬೆಳ್ಳಗಾಗೋ ತನಕ ತಿಕ್ಕಿ, ಲಗ್ ಹಾಕಿ, ಬೋಲ್ಟ್ ಬಿಗಿದು, ಮ್ಯಾಲ ಗ್ರೀಸ್ ಇಲ್ಲಾ ಪೇಂಟ್ ಹಚ್ಚಿ ತುಕ್ಕ ಹಿಡಿಯದಂಗ ಮಾಡ್ರಿ. ಪೇಂಟಿನ ಮ್ಯಾಲ ಸ್ಕ್ರೂ ಹೊಡದು "ಅರ್ಥ್ ಆತು" ಅನ್ನೋದ ನಮ್ಮ ಕಡೆ ನಡದೈತಿ, ಹಾಡಿನ ಜೋಡಿ ಕುಂಯ್ ಅಂತ ಬಂದು ಎಕ್ಸಲರೇಟರ್ ಒತ್ತಿದಂಗ ಏರೋ ಸಪ್ಪಳ ಬಹುಪಾಲು ಅದರದ. ಹಾಡ ಹಚ್ಚಿ, ಮಲ್ಟಿಮೀಟರಿನ ಒಂದ ತುದಿ ಆಂಪಿನ ಮೈನಸ್ಸಿಗೆ, ಇನ್ನೊಂದ ಬ್ಯಾಟರಿ ಮೈನಸ್ಸಿಗೆ ಹಿಡೀರಿ, 0.2 ವೋಲ್ಟ್ ದಾಟಿದ್ರ ಅರ್ಥ್ ಮತ್ತ ಮಾಡ್ರಿ. ಸ್ಟೀರಿಯೋದಿಂದ ಆಂಪಿಗೆ ಹಾಡಿನ ಸಿಗ್ನಲ್ ಒಯ್ಯೋ ಆರ್‌ಸಿಎ ಕೇಬಲ್ ಒಂದ ಬದಿ, ಪವರ್ ವೈರ್ ಇನ್ನೊಂದ ಬದಿ. ಕಂಪನಿ ಸ್ಟೀರಿಯೋಕ್ಕ ಆರ್‌ಸಿಎ ಇಲ್ಲಾಂದ್ರ ಹೈ ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರಿನಿಂದ ಸಿಗ್ನಲ್ ತಗೊಳ್ಳೋದು) ಇರೋ ಆಂಪ್ ತಗೋರಿ, ಇಲ್ಲಾ ಒಂದ ಕನ್ವರ್ಟರ್ ಬೇಕಾಗತೈತಿ. ವೈರ್ ಕತ್ತರಿಸದ ಕಪ್ಲರ್ ಹಾಕಿಸಿದ್ರ ವಾರಂಟಿ ಜಗಳ ಇರಂಗಿಲ್ಲ.

ಆಂಪಿನ ಮ್ಯಾಲೆ ಇರೋ ಗೇನ್ ತಿರುಪು ವಾಲ್ಯೂಮ್ ಅಲ್ಲ. ಇದನ್ನ ಎಷ್ಟ ಸಲ ಹೇಳಿದ್ರೂ ಮರದಿವಸ ಫುಲ್ ತಿರುವಿ ಬಂದಿರತಾರ. ಡೆಕ್ಕಿನ (ಸ್ಟೀರಿಯೋದ) ವೋಲ್ಟೇಜಿಗೆ ಆಂಪನ್ನ ಹೊಂದಸೋದು ಅದರ ಕೆಲಸ. ಸಬ್ಬಿನ ವೈರ್ ಬಿಚ್ಚಿ, ಡೆಕ್ಕಿನ ಬೇಸ್ ಈಕ್ವಲೈಸರ್ ಎಲ್ಲಾ ಸೊನ್ನಿ ಮಾಡಿ, ವಾಲ್ಯೂಮ್ ಮುಕ್ಕಾಲಿಗಿಟ್ಟು, 50 ಹರ್ಟ್ಸಿನ ಟೋನ್ ಹಚ್ಚಿ, ಮಲ್ಟಿಮೀಟರ್ ಎಸಿ ವೋಲ್ಟಿಗಿಟ್ಟು ಆಂಪಿನ ಸ್ಪೀಕರ್ ತುದಿಗೆ ಹಿಡೀಬೇಕು. ವ್ಯಾಟನ್ನ ಓಮಿಗೆ ಗುಣಸಿ ವರ್ಗಮೂಲ ತಗದ್ರ ಎಷ್ಟ ವೋಲ್ಟಿಗೆ ನಿಲ್ಲಸಬೇಕು ಗೊತ್ತಾಗತೈತಿ, 300 ವ್ಯಾಟ್ 2 ಓಮಿಗೆ 24.5 ವೋಲ್ಟ್, 4 ಓಮಿಗೆ 34.6. ಗೇನ್ ಸಾವಕಾಶ ಏರಿಸ್ತಾ ಅಲ್ಲಿಗೆ ಬಂತಂದ್ರ ಕೈ ತಗೀರಿ. ಲೋ ಪಾಸ್ (ಕೆಳಗಿನ ಬೇಸ್ ಅಷ್ಟ ಬಿಡೋ ಫಿಲ್ಟರ್) 80 ಹರ್ಟ್ಸ್, ಪೋರ್ಟ್ (ಗಾಳಿ ತೂತು) ಇರೋ ಡಬ್ಬಾಕ್ಕ ಸಬ್‌ಸಾನಿಕ್ (ತೀರಾ ಕೆಳಗಿನ ದನಿ ತಡಿಯೋ ಫಿಲ್ಟರ್) 25 ಇಲ್ಲಾ 30, ಬೇಸ್ ಬೂಸ್ಟ್ ಸೊನ್ನಿ. ಲೋ ಪಾಸ್ 150, 200ಕ್ಕ ಏರಿಸಿದ್ರ ಹಾಡೋರ ದನಿನೂ ಡಿಕ್ಕ್ಯಾಗಿಂದ ಬರತೈತಿ, ಗೋಳಗುಮ್ಮಟದಾಗ ಕುಂತಂಗ. ಆಂಪಿನ ಫೇಸ್ ಸ್ವಿಚ್ (ಸಬ್ಬಿನ ಸಿಗ್ನಲ್ ಉಲ್ಟಾ ಮಾಡೋದು) ಎರಡೂ ಕಡೆ ಒತ್ತಿ ಡ್ರೈವರ್ ಸೀಟಿನ್ಯಾಗ ಕುಂತು ಯಾವ್ದರಾಗ ಬೇಸ್ ತುಂಬಿ ಬರತೈತೋ ಅದಕ್ಕ ಬಿಡ್ರಿ. ಆಂಪನ್ನ ಕಾರ್ಪೆಟ್ಟಿನ ಕೆಳಗ ಹುಗಿಬ್ಯಾಡ್ರಿ, ನಮ್ಮ ಬಾಗಲಕೋಟಿ, ವಿಜಯಪುರದ ಬ್ಯಾಸಗಿ 40 ಡಿಗ್ರಿ ದಾಟತೈತಿ, ಬಿಸಲಾಗ ನಿಂತ ಗಾಡಿ ಒಳಗ ಇನ್ನೂ ಜಾಸ್ತಿ.

ಕೊನಿಗೆ ಟ್ರ್ಯಾಕ್ಟರಿನವರು. ಕಾರಿನ ಸಬ್ಬನ್ನ ಟ್ರ್ಯಾಕ್ಟರಿಗೆ ಹಾಕಿ "ಬೇಸ್ ಬರವಲ್ದು" ಅಂತ ಬರತೀರಿ. ಕಾರು ಮುಚ್ಚಿದ ಕೋಲಿ, ಕೆಳಗಿನ ಬೇಸನ್ನ ಅದ ಎತ್ತಿ ಕೊಡತೈತಿ, ಬಯಲಾಗ ಅದು ಇರಂಗಿಲ್ಲ, ಆಂಪ್ ದೊಡ್ಡದ ಮಾಡಿದ್ರೂ ಆ ಮಜಾ ಬರಂಗಿಲ್ಲ. ಹಿಂದಿನ ಗಾಡಿ ಹಾರ್ನ್ ಕೇಳದಷ್ಟ ಜೋರ ಇಟ್ಟು ಎರಡ ಟ್ರೇಲರ್ ಕಬ್ಬ ಎಳಕೊಂಡು ಹೋಗೋರನ್ನ ಕಂಡ್ರ ನನಗ ಸಿಟ್ಟ ಬರತೈತಿ, ಅಂಥಾ ಫಿಟ್ಟಿಂಗ್ ನನ್ನ ಕಡೆ ಕೇಳಬ್ಯಾಡ್ರಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನಿಗೋಳ ಇರೋ ಕಡೆ ಹಗಲ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45. ಇನ್ನ ಬ್ಯಾಟರಿ. ಸಕ್ಕರಿ ಕಾರ್ಖಾನಿ ಪಾಳಿಯೊಳಗ ರಾತ್ರಿ ಇಂಜಿನ್ ಬಂದ್ ಮಾಡಿ ಹಾಡ ಹಚ್ಚಕೊಂಡು ಕುಂದರತೀರಿ, ಸಾಧಾರಣ ಸೌಂಡಿಗೂ ಆಂಪ್ 8, 10 ಆಂಪಿಯರ್ ತಿಂತೈತಿ, ಸಣ್ಣ ಕಾರಿನ 35 ಆಂಪಿಯರ್ ಅವರಿನ ಬ್ಯಾಟರಿ ಎರಡ ತಾಸಿನ್ಯಾಗ ಅರ್ಧಕ್ಕ ಬರತೈತಿ, ಟ್ರ್ಯಾಕ್ಟರಿನ ದೊಡ್ಡ ಬ್ಯಾಟರಿ ಒಂದ ರಾತ್ರಿ ದಾಟಂಗಿಲ್ಲ, ಪಾಳಿ ಬಂದಾಗ ಸೆಲ್ಫ್ ಹೊಡಿಯಂಗಿಲ್ಲ, ಹಿಂದಿನವರ ಕಡೆ ಬೈಸ್ಕೊಂತ ದಬ್ಬಬೇಕು. ಅದಕ್ಕ ಡೆಕ್ಕಿನಿಂದ ಆಂಪಿಗೆ ಹೋಗೋ ನೀಲಿ ರಿಮೋಟ್ ವೈರಿನ ನಡುವ ಒಂದ ಸಾದಾ ಸ್ವಿಚ್ ಹಾಕಸ್ಕೋರಿ. ಆ ವೈರನ್ನ ಬ್ಯಾಟರಿಗೆ ಸೀದಾ ಕಟ್ಟೋ ಮಂದಿ ಅದಾರ, ಹಂಗ ಮಾಡಿದ್ರ ಡೆಕ್ ಬಂದ್ ಮಾಡಿದ್ರೂ ಆಂಪ್ ಎಚ್ಚರ ಇರತೈತಿ. ಸ್ವಿಚ್ ಇದ್ರ ನಿಂತಾಗ ಆಂಪ್ ಬಂದ್ ಮಾಡಿ ಬರೇ ಡೆಕ್ಕಿನ ಸ್ಪೀಕರಿನ್ಯಾಗ ಹಾಡ ಕೇಳಬಹುದು, ಟ್ರ್ಯಾಕ್ಟರಿಗೆ ನಾ ಈಗ ಅದಿಲ್ಲದ ಆಂಪ್ ಕೂಡಸಂಗಿಲ್ಲ.