ಪೀಣ್ಯದ ಶೆಡ್ಡಿನ ಕರೆಂಟ್ ಲೆಕ್ಕ: ನವೆಂಬರಿನಿಂದ ಮೇ ತನಕ

ಭಾವನ ಶೆಡ್ಡಿರುವುದು ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ. ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ನಾಲ್ಕು ಸಿಎನ್‌ಸಿ, ಒಂದು ವಿಎಂಸಿ, ಎರಡು ಹಳೇ ಲೇತ್, ಮೂಲೆಯಲ್ಲಿ ಇವಕ್ಕೆಲ್ಲ ಒತ್ತಡದ ಗಾಳಿ ಕೊಡುವ 20 ಎಚ್‌ಪಿ ಸ್ಕ್ರೂ ಕಂಪ್ರೆಸರ್. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಎರಡು ಶಿಫ್ಟು. ದೀಪಾವಳಿ ಆದಮೇಲೆ ಅವರ ದೊಡ್ಡ ಗಿರಾಕಿಯೊಬ್ಬರಿಂದ ಒಂದು ಫಾರಂ ಬಂತು: ತಿಂಗಳಿಗೆ ಎಷ್ಟು ಯೂನಿಟ್ ಸುಡುತ್ತೀರಿ, ಅದರಲ್ಲಿ ಸೋಲಾರ್ ಎಷ್ಟು, ಕಮ್ಮಿ ಮಾಡೋಕೆ ಏನು ಮಾಡಿದ್ದೀರಿ. ಭಾವ ಅದನ್ನು ನನ್ನ ವಾಟ್ಸಾಪಿಗೆ ದಾಟಿಸಿ, "ಇದು ನಿನ್ನ ತಲೆನೋವು" ಅಂದರು. ನನಗೂ ಭಾನುವಾರಕ್ಕೊಂದು ಕೆಲಸ ಬೇಕಿತ್ತು.

ನವೆಂಬರ್, ಮೊದಲ ಭಾನುವಾರ

ಭಾವ ಆಗಲೇ ಮೂರು ಸೋಲಾರ್ ಕೊಟೇಶನ್ ತರಿಸಿಟ್ಟಿದ್ದರು. ಅದನ್ನು ಪಕ್ಕಕ್ಕಿಟ್ಟು ಕಂಪ್ರೆಸರ್ ಹತ್ತಿರ ಹೋದೆ. ಎಲ್ಲಾ ಮೆಷಿನ್ ಆಫ್, ಗಾಳಿ ಬಳಸುವವರು ಯಾರೂ ಇಲ್ಲ. ಆದರೂ ಕಂಪ್ರೆಸರ್ ಆನ್ ಮಾಡಿದರೆ ಸುಮ್ಮನೆ ಕೂರುತ್ತಿಲ್ಲ. ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ಬರೆದುಕೊಂಡೆ: ಲೋಡಿನಲ್ಲಿ (ಗಾಳಿ ಒತ್ತುತ್ತಾ) 70 ಸೆಕೆಂಡ್, ಅನ್‌ಲೋಡಿನಲ್ಲಿ (ಒತ್ತದೆ ಸುಮ್ಮನೆ ತಿರುಗುತ್ತಾ) 140. ಹತ್ತು ಸಲ ನೋಡಿದರೂ ಹೆಚ್ಚುಕಮ್ಮಿ ಅದೇ. ಒಟ್ಟು 210ರಲ್ಲಿ 70 ಅಂದರೆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಮೂರರಲ್ಲೊಂದು ಪಾಲು ಯಾರಿಗೂ ದಕ್ಕದೆ ಹೋಗುತ್ತಿದೆ.

ಆ ದಿನ ಶೆಡ್ಡಿನಲ್ಲಿ ಸದ್ದಿಲ್ಲದ್ದರಿಂದ ಸೋರುವುದು ಕಿವಿಗೇ ಕೇಳುತ್ತಿತ್ತು. ಸೋಪು ನೀರು, ಒಂದು ಪೇಂಟ್ ಬ್ರಶ್ಶು ಹಿಡಿದು ಲೈನ್ ಉದ್ದಕ್ಕೂ ಹೋದೆವು. ಹನ್ನೊಂದು ಜಾಗ ಸಿಕ್ಕಿತು. ಹೆಚ್ಚಿನವು ಪಿಯು (ಪ್ಲಾಸ್ಟಿಕ್) ಪೈಪು ಫಿಟ್ಟಿಂಗಿಗೆ ಸೇರುವಲ್ಲಿ; ಪೈಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ತುರುಕಿದ್ದರು. ಎಲ್ಲಕ್ಕಿಂತ ದೊಡ್ಡದು ಗಾಳಿ ತುಂಬಿಡುವ ರಿಸೀವರ್ ಟ್ಯಾಂಕಿನ ಬುಡದ, ಒಳಗೆ ಸೇರುವ ನೀರು ಬಿಡುವ ಡ್ರೇನ್ ವಾಲ್ವು. "ನೀರು ತಾನಾಗೇ ಹೋಗ್ಲಿ ಅಂತ ಸ್ವಲ್ಪ ತೆರೆದಿಟ್ಟಿದೀನಿ ಸಾರ್" ಅಂದ ಆಪರೇಟರ್. ಎಷ್ಟು ದಿನದಿಂದ? ಮಳೆಗಾಲ ಶುರುವಾದಾಗಿನಿಂದ.

ನವೆಂಬರ್, ಕೊನೆಯ ಭಾನುವಾರ

ಫಿಟ್ಟಿಂಗ್ ಬದಲಾಯಿಸಿದ್ದಾಯಿತು, ಡ್ರೇನಿಗೆ ಟೈಮರ್ ವಾಲ್ವು ಹಾಕಿದ್ದಾಯಿತು. ಮತ್ತೆ ಸ್ಟಾಪ್‌ವಾಚ್: ಲೋಡ್ 25, ಅನ್‌ಲೋಡ್ 225. ನೂರಕ್ಕೆ ಹತ್ತು.

ಉಳಿತಾಯದ ಲೆಕ್ಕದಲ್ಲಿ ಮೊದಲು ಎಡವಿದೆ. ಲೋಡಿನಲ್ಲಿ 16 ಕಿಲೋವ್ಯಾಟ್, ಅದರಲ್ಲಿ ಶೇ. 23 (ಸೋರಿಕೆ 33ರಿಂದ 10ಕ್ಕೆ ಇಳಿಯಿತಲ್ಲ), ದಿನಕ್ಕೆ 16 ಗಂಟೆ ಅಂತ ಗುಣಿಸಿ "59 ಯೂನಿಟ್!" ಎಂದು ಭಾವನಿಗೆ ಹೇಳಿಬಿಟ್ಟೆ. ಆದರೆ ಸ್ಕ್ರೂ ಕಂಪ್ರೆಸರ್ ಅನ್‌ಲೋಡಿನಲ್ಲೂ ಪುಕ್ಕಟೆ ತಿರುಗುವುದಿಲ್ಲ. ಕ್ಲಾಂಪ್ ಮೀಟರ್ ಹಾಕಿ ನೋಡಿದರೆ 5 ಕಿಲೋವ್ಯಾಟ್ ಎಳೆಯುತ್ತಿತ್ತು. ಹಾಗಾಗಿ ಉಳಿಯುವುದು 16ರಲ್ಲಿ 5 ಕಳೆದ 11ರ ಮೇಲಿನ ಶೇ. 23 ಮಾತ್ರ, ದಿನಕ್ಕೆ ಸುಮಾರು 40 ಯೂನಿಟ್.

ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ಒಂದು ಡಬ್ಬಿ ಫಿಟ್ಟಿಂಗು, ಒಂದು ಟೈಮರ್ ಮಾಡಿದ್ದು 10 ಕಿಲೋವ್ಯಾಟ್ ಪ್ಯಾನೆಲ್ಲಿನ ಕೆಲಸ. ಇದನ್ನು ಹೇಳಿದಾಗ ಭಾವ ಕೊಟೇಶನ್‌ಗಳನ್ನು ಮತ್ತೊಮ್ಮೆ ತಿರುವಿ ಹಾಕಿ, ಏನೂ ಮಾತಾಡಲಿಲ್ಲ.

ಡಿಸೆಂಬರ್

ಕಂಪ್ರೆಸರಿನ ಪ್ರೆಶರ್ 8.5 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ) ಸೆಟ್ ಆಗಿತ್ತು. ಮೆಷಿನ್‌ಗಳಿಗೆ ಬೇಕಿರುವುದು 6. ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ಕರೆಂಟಿನಲ್ಲಿ ಶೇ. 6–7 ಉಳಿಯುತ್ತದೆ. ಆದರೆ ಏರಿಸಿದ್ದು ಯಾಕೆ ಅಂತ ಕೇಳದೆ ಇಳಿಸಿದರೆ ಜಗಳ ಗ್ಯಾರಂಟಿ. ಕೇಳಿದೆ. ಕಡೇ ಮೆಷಿನ್ನಿನಲ್ಲಿ ಏರ್ ಪ್ರೆಶರ್ ಅಲಾರಂ ಬರುತ್ತಿತ್ತಂತೆ, ಅದಕ್ಕೆ ಇಡೀ ಶೆಡ್ಡಿಗೇ ಏರಿಸಿದ್ದಾರೆ. ಆ ಮೆಷಿನ್ನಿನ ಫಿಲ್ಟರ್ ಬಿಚ್ಚಿದರೆ ಒಳಗೆ ತುಕ್ಕು, ಎಣ್ಣೆ ಸೇರಿ ಗಟ್ಟಿ ಕೆಸರು. ಹೊಸ ಫಿಲ್ಟರ್ ಹಾಕಿ 7ಕ್ಕೆ ಇಳಿಸಿದೆವು. ಅಲಾರಂ ಮತ್ತೆ ಬಂದಿಲ್ಲ.

ಲೇತಿನ 7.5 ಕಿಲೋವ್ಯಾಟ್ ಮೋಟಾರು ಎರಡು ಸಲ ರಿವೈಂಡಿಂಗ್ ಆದದ್ದು. ಹೊಸ ಐಇ3 ದರ್ಜೆಯ ಮೋಟಾರಿನ ದಕ್ಷತೆ ಶೇ. 90.4, ಕೆಳಗಿನ ಐಇ1 ದರ್ಜೆಯದು 86. ರಿವೈಂಡ್ ಆದದ್ದು ಇನ್ನೂ ಕೆಳಗೇ ಇರಬೇಕು. ಆದರೆ ಆ ಲೇತ್ ಓಡುವುದೇ ದಿನಕ್ಕೆರಡು ಗಂಟೆ. ಸುಟ್ಟಾಗ ನೋಡೋಣ.

ಜನವರಿ

"ಪಾವಗಡದಿಂದಲೇ ಕರೆಂಟ್ ತಗೋಬಹುದಂತಲ್ಲೋ?" ಅಂತ ಭಾವ. ಅಲ್ಲಿನ ಸೋಲಾರ್ ಪಾರ್ಕಿನಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಇದೆ ನಿಜ. ಹೊರಗಿನ ಸೋಲಾರ್ ಕರೆಂಟನ್ನು ನೇರವಾಗಿ ಕೊಳ್ಳಲು 2022ರ ಗ್ರೀನ್ ಓಪನ್ ಆ್ಯಕ್ಸೆಸ್ ನಿಯಮ ಮಿತಿಯನ್ನು ಒಂದು ಮೆಗಾವ್ಯಾಟಿನಿಂದ 100 ಕಿಲೋವ್ಯಾಟಿಗೆ ಇಳಿಸಿದ್ದೂ ನಿಜ. ಆದರೆ ನಮ್ಮದು 65 ಎಚ್‌ಪಿ, 49 ಕಿಲೋವ್ಯಾಟೂ ಮೀರುವುದಿಲ್ಲ. ಪಾಲುದಾರರಾಗಿ ಕ್ಯಾಪ್ಟಿವ್ ಪ್ಲಾಂಟ್ (ಸ್ವಂತ ಬಳಕೆಯ ವಿದ್ಯುತ್ ಸ್ಥಾವರ) ಹಾಕಬೇಕೆಂದರೆ ಬಳಸುವವರದು ಕನಿಷ್ಠ ಶೇ. 26 ಷೇರು ಇರಬೇಕು, ಶೇ. 51 ಕರೆಂಟನ್ನು ಅವರೇ ಬಳಸಬೇಕು. ಅದು ಕ್ಯಾಂಪಸ್ ಇರುವ ಕಂಪನಿಗಳ ಆಟ. ನಮಗೆ ನಮ್ಮ ಚಾವಣಿಯೇ ಗತಿ.

ಚಾವಣಿಯೋ ಹಳೇ ಸಿಮೆಂಟ್ ಶೀಟು, ಕಾಲಿಟ್ಟರೆ ಬಿರಿಯುತ್ತದೆ. ದಕ್ಷಿಣದ ಇಳಿಜಾರಿಗೆ ಮಾತ್ರ ಕಬ್ಬಿಣದ ಶೀಟು ಹೊದಿಸುವುದೆಂದಾಯಿತು. ಈ ಖರ್ಚು ಮೂರು ಕೊಟೇಶನ್‌ಗಳಲ್ಲೂ ಇರಲಿಲ್ಲ.

ಫೆಬ್ರವರಿ

550 ವ್ಯಾಟಿನ 36 ಪ್ಯಾನೆಲ್, ಹದಿನೆಂಟರ ಎರಡು ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಗುಂಪು), ಒಟ್ಟು 19.8 ಕಿಲೋವ್ಯಾಟ್. ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 12ರಿಂದ 5ಕ್ಕೆ ಇಳಿದದ್ದು ಅನುಕೂಲವಾಯಿತು. ಆದಾಯ ತೆರಿಗೆ ಲೆಕ್ಕದಲ್ಲಿ ಶೇ. 40 ಸವಕಳಿ ತೋರಿಸಬಹುದು, ಆದರೆ ವರ್ಷದಲ್ಲಿ 180 ದಿನವೂ ಬಳಸಿರುವುದಿಲ್ಲವಾದ್ದರಿಂದ ಈ ಸಲ ಅರ್ಧ ಮಾತ್ರ ಅಂದರು ಆಡಿಟರ್. ಅಕ್ಟೋಬರಿಗೆ ಮುಂಚೆ ಯೋಚಿಸಬೇಕಿತ್ತು.

ಹಾಕಿದ ಮೂರನೇ ದಿನ, ಸುಡುಬಿಸಿಲಿನಲ್ಲಿ ಕರೆಂಟ್ ಹೋಯಿತು. ಸೋಲಾರೂ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಲೈನ್ ರಿಪೇರಿ ಮಾಡುವವನಿಗೆ ನಮ್ಮ ಚಾವಣಿಯಿಂದ ಶಾಕ್ ಹೊಡೆಯಬಾರದು ಅಂತ ಇಂಥ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ, ಇದನ್ನು ಮೊದಲೇ ಹೇಳಿದ್ದೆ. ಹೇಳಿದ್ದು ಯಾರಿಗೂ ನೆನಪಿರಲಿಲ್ಲ.

ಮಾರ್ಚ್

ಒಳ್ಳೇ ದಿನ 92 ಯೂನಿಟ್. ಮಧ್ಯಾಹ್ನ ಪ್ಯಾನೆಲ್ ಮೈ ಮುಟ್ಟಿದರೆ ದೋಸೆ ಕಾವಲಿ. 62 ಡಿಗ್ರಿ ಇತ್ತು. 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೆ ಶೇ. 0.35 ಹೋದರೂ ಸುಮಾರು 13 ಪರ್ಸೆಂಟ್ ಬಿಸಿಲಿಗೇ ಬಲಿ. ಜೊತೆಗೆ ಗ್ರೈಂಡಿಂಗ್ ಧೂಳು. ಹದಿನೈದು ದಿನಕ್ಕೊಮ್ಮೆ, ಸೂರ್ಯ ಏರುವ ಮುಂಚೆ ತೊಳೆಯುವುದು.

ಇನ್ನೊಂದು ಎಡವಟ್ಟು ಮೀಟರಿನಲ್ಲಿ ಸಿಕ್ಕಿತು. ಮಧ್ಯಾಹ್ನ ಪವರ್ ಫ್ಯಾಕ್ಟರ್ (ಲೈನಿನಿಂದ ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು; 1 ಅಂದರೆ ಪೂರ್ತಿ) 0.83. ಸೋಲಾರ್ ಹಾಕುವ ಮುಂಚೆ 0.95 ಇತ್ತು! ರಾತ್ರಿ ಕೂತು ಕಾಗದದ ಮೇಲೆ ಹಾಕಿದಾಗ ಅರ್ಥವಾಯಿತು. ಶೆಡ್ಡಿನ ಲೋಡು 30 ಕಿಲೋವ್ಯಾಟ್, ಮೋಟಾರ್‌ಗಳು ಕೇಳುವ ರಿಯಾಕ್ಟಿವ್ (ಕೆಲಸ ಮಾಡದೆ, ಕಾಂತಕ್ಷೇತ್ರಕ್ಕಷ್ಟೇ ಹೋಗಿಬರುವ ಪವರ್) ಸುಮಾರು 10 ಕೆವಿಎಆರ್ (ಅದರ ಅಳತೆ). ಸೋಲಾರ್ 15 ಕಿಲೋವ್ಯಾಟ್ ಕೊಟ್ಟಿತು, ರಿಯಾಕ್ಟಿವ್ ಕೊಡಲಿಲ್ಲ. ಲೈನಿನಿಂದ ಬರುವ ಕಿಲೋವ್ಯಾಟ್ ಅರ್ಧವಾಯಿತು, ಆ 10 ಹಾಗೇ ಉಳಿಯಿತು. ಏನೂ ಕೆಟ್ಟಿಲ್ಲ, ಆದರೆ ಬಿಲ್ಲಿನಲ್ಲಿ ದಂಡಕ್ಕೆ ದಾರಿ. ಈ ರಿಯಾಕ್ಟಿವ್ ಒದಗಿಸುವ ಕೆಪಾಸಿಟರ್ ಪ್ಯಾನೆಲ್ಲಿನ ಸಿಟಿಯನ್ನು (ಕರೆಂಟ್ ಅಳೆಯುವ ಸುರುಳಿ) ಸೋಲಾರ್ ಸೇರುವ ಜಾಗಕ್ಕಿಂತ ಮುಂಚೆ, ಮೀಟರಿನ ಕಡೆಗೆ ಸರಿಸಿದೆವು; ಉಬ್ಬಿಹೋಗಿದ್ದ ಒಂದು ಕೆಪಾಸಿಟರ್ ಬದಲಾಯಿಸಿದೆವು. ಈಗ 0.97.

ಮೇ

ಫಾರಂ ತುಂಬಿ ಕಳಿಸಿದ್ದಾಯಿತು. "ಏನು ಮಾಡಿದ್ದೀರಿ" ಅನ್ನುವ ಕಾಲಮ್ಮಿನಲ್ಲಿ ಭಾವ ಸೋಲಾರ್ ಅಂತಷ್ಟೇ ಬರೆದಿದ್ದರು. ಸೋರಿಕೆಯದ್ದೂ ಸೇರಿಸಿ ಎಂದೆ. "ಅದನ್ನೆಲ್ಲ ಬರೆದರೆ ಇಷ್ಟು ವರ್ಷ ಸೋರ್ತಿತ್ತು ಅಂತ ಒಪ್ಕೊಂಡ ಹಾಗಲ್ವೇನೋ" ಅಂದರು.

ನಿನ್ನೆ ಭಾನುವಾರ ಮತ್ತೆ ಸ್ಟಾಪ್‌ವಾಚ್ ಹಿಡಿದೆ. ಲೋಡ್ 40, ಅನ್‌ಲೋಡ್ 200. ಹತ್ತಿದ್ದದ್ದು ಆರು ತಿಂಗಳಲ್ಲಿ ಹದಿನೇಳಕ್ಕೆ ಹತ್ತಿರ. ಎರಡನೇ ಸಿಎನ್‌ಸಿಯ ಏರ್ ಗನ್ ಹೋಸು, ವಿಎಂಸಿ ಹಿಂದಿನ ಒಂದು ಟೀ ಜಾಯಿಂಟು, ಇನ್ನೊಂದು ಎಲ್ಲಿದೆಯೋ ಸಿಗಲಿಲ್ಲ. ಸದ್ದು ಮಾತ್ರ ಕಂಬದ ಹಿಂದಿನಿಂದ ಬರುತ್ತಿತ್ತು. ಮುಂದಿನ ವಾರ ಏಣಿ ತರಿಸಬೇಕು.