ಗ್ಯಾಸು ಎಲ್ಲಿಗೆ ಹೋತು?

ನಮ್ಮ ಕಾಸರಗೋಡಿನಲ್ಲಿ ಎಸಿ ಹಾಳಾದರೆ ಅದೇ ಮಾತನ್ನು ಮೂರು ಭಾಷೆಯಲ್ಲಿ ಕೇಳಬಹುದು. 2023ರಲ್ಲಿ ಬಂದ ಹುಡುಗ ಮಲಯಾಳದಲ್ಲಿ "ಗ್ಯಾಸ್ ತೀರ್ನ್ನು" ಎಂದ. 2024ರಲ್ಲಿ ಬಂದವನು ತುಳುವಿನಲ್ಲಿ "ಗ್ಯಾಸ್ ಮುಗಿಂಡ್" ಎಂದ. 2025ರ ವಿಷುವಿನ ಮುನ್ನಾದಿನ ಬಂದವನು ಕನ್ನಡದವನೇ. "ಗ್ಯಾಸ್ ಖಾಲಿ ಆಗಿದೆ ಸಾರ್" ಎಂದ. ಮೂವರಿಗೂ ದುಡ್ಡು ಕೊಟ್ಟೆ. 2,500, ಆಮೇಲೆ 2,800, ಆಮೇಲೆ 3,000. ಒಬ್ಬನ ಹತ್ತಿರವೂ ಒಂದು ಪ್ರಶ್ನೆ ಕೇಳಲಿಲ್ಲ.

ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಜಾಸ್ತಿ. ಯಾಕೆಂದರೆ ನಾನು ಅಡಿಕೆ ತೋಟದವನು. ಬಾವಿಯ ಪಂಪಿನ ಕೆಪಾಸಿಟರ್ ನಾನೇ ಬದಲಿಸುತ್ತೇನೆ. ಫುಟ್‌ವಾಲ್ವ್ ಸೋರುತ್ತಿದ್ದರೆ ಜಗಲಿಯಲ್ಲಿ ಕೂತೇ ಸದ್ದಿನಲ್ಲಿ ಹೇಳುತ್ತೇನೆ. ಮೋಟಾರ್ ವೈಂಡಿಂಗ್ ಮಾಡುವವನು ಬಿಲ್ ಹೆಚ್ಚು ಹಾಕಿದರೆ "ತಾಮ್ರ ಎಷ್ಟು ಕೆ.ಜಿ. ಹಿಡಿಯಿತು?" ಎಂದು ಕೇಳುವ ಗಿರಾಕಿ ನಾನು. ಅದೇ ಮನುಷ್ಯ ಎಸಿಯ ಮುಂದೆ ಮಾತ್ರ ದೈವದ ಮುಂದೆ ನಿಂತ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದೆ.

ಎಸಿ ಬಂದದ್ದು 2015ರಲ್ಲಿ. ಹಂಚಿನ ಮನೆ ಬಿಚ್ಚಿ ತಾರಸಿ ಮನೆ ಕಟ್ಟಿಸಿದ ಮೇಲೆ ಮೊದಲ ಬೇಸಗೆಯಲ್ಲೇ ಗೊತ್ತಾಯಿತು ಏನು ಮಾಡಿಕೊಂಡೆವು ಎಂದು. ಹಗಲಿಡೀ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿ ಹನ್ನೊಂದಕ್ಕೂ ಬಿಸಿ ಉಗುಳುತ್ತಿತ್ತು. ಅಪ್ಪನಿಗೆ ನಿದ್ದೆ ಇಲ್ಲ. ಅವರ ಕೋಣೆಗೆ ಒಂದೂವರೆ ಟನ್ನಿನ ಎಸಿ ತಂದೆ. ಅಬ್ಬೆಗೆ, ಅಂದರೆ ಅಮ್ಮನಿಗೆ, ಆಗಲೂ ಸಮಾಧಾನ ಇರಲಿಲ್ಲ. ಚಳಿಗೆ ಬಚ್ಚಲೊಲೆ, ಸೆಕೆಗೆ ಜಗಲಿ, ಇದಕ್ಕೆ ಯಂತ್ರ ಎಂತಕ್ಕೆ ಎಂಬುದು ಅವಳ ವಾದ. ಜಗಲಿಯನ್ನು ನಾವೇ ಕೆಡವಿದ್ದೆವಲ್ಲ!

ವಿಷುವಿಗೆ ಮನೆ ತುಂಬ ಜನ. ಮಕ್ಕಳೆಲ್ಲ ಅಜ್ಜನ ಕೋಣೆಯಲ್ಲಿ. "ಮಾವಾ, ಎಸಿಯೊಳಗೆ ಐಸು!" ಎಂದು ಓಡಿ ಬಂದರು. ನೋಡಿದರೆ ನಿಜ. ಒಳಗಿನ ಕಾಯಿಲ್, ಅಂದರೆ ಗ್ಯಾಸು ಓಡುವ ಪೈಪಿನ ಸುರುಳಿಯ ಮೇಲೆ ಬಿಳಿಯ ಐಸು ಕಟ್ಟಿತ್ತು, ಕೆಳಗೆ ಗೋಡೆಯಲ್ಲಿ ನೀರು ಇಳಿಯುತ್ತಿತ್ತು. ಐಸು ಕಟ್ಟಿದ ಮೇಲೆ ತಣ್ಣಗಿರಬೇಕಲ್ಲ, ಕೋಣೆ ಯಾಕೆ ಬಿಸಿ ಎಂದು ನನಗೆ ಗಲಿಬಿಲಿ. ಆಮೇಲೆ ತಿಳಿಯಿತು, ಐಸು ಕಟ್ಟುವುದು ರೋಗದ ಲಕ್ಷಣ. ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿ ಹೋಗದಿದ್ದರೂ ಕಟ್ಟುತ್ತದೆ, ಗ್ಯಾಸು ಕಮ್ಮಿ ಆದರೂ ಕಟ್ಟುತ್ತದೆ. ಫಿಲ್ಟರ್ ನಾನೇ ತೊಳೆದಿದ್ದೆ. ಹಾಗಾಗಿ ಎರಡನೆಯದೇ.

3,000 ಕೊಟ್ಟು ತುಂಬಿಸಿದೆ. ಸರಿಯಾಗಿ ಮೂರು ವಾರ ನಡೆಯಿತು. ಮತ್ತೆ ಐಸು, ಮತ್ತೆ ಬಿಸಿಗಾಳಿ.

ಈ ಸಲ ಕಂಪೆನಿಯ ಸರ್ವಿಸಿಗೇ ಫೋನ್ ಮಾಡಿದೆ. ಬಂದವನು ಮುಚ್ಚಳ ಬಿಚ್ಚಲೂ ಇಲ್ಲ. ಹೊರಗಿನ ಕಾಯಿಲ್ ಬದಲಿಸಬೇಕು, ಗ್ಯಾಸು, ಕೂಲಿ ಎಲ್ಲ ಸೇರಿ 14,000 ಎಂದು ಚೀಟಿ ಬರೆದ. "ಕಂಪ್ರೆಸರ್ ಕೂಡ ವೀಕ್ ಇರಬಹುದು" ಎಂದು ಬಾಗಿಲ ಹತ್ತಿರ ಒಂದು ಮಾತು ಸೇರಿಸಿ ಹೋದ. ನಾನು ಆಯಿತು ಎನ್ನುವವನೇ ಇದ್ದೆ. ಆರಾಮಕುರ್ಚಿಯಲ್ಲಿ ಕೂತಿದ್ದ ಅಪ್ಪ ಆಗ ಕೇಳಿದರು:

"ಗ್ಯಾಸು ಎಲ್ಲಿಗೆ ಹೋತು?"

ನಾನು ಮುಖ ನೋಡಿದೆ.

"ಫ್ರಿಜ್ಜಿಲ್ಲಿಯೂ ಗ್ಯಾಸು ಇದ್ದನ್ನೆ. ಅದಕ್ಕೆ ಒಂದರಿಯೂ ತುಂಬುಸಿದ್ದಿಲ್ಲೆನ್ನೆ?"

ನಮ್ಮ ಫ್ರಿಜ್ಜಿಗೆ ಹದಿನೆಂಟು ವರ್ಷ. ಒಮ್ಮೆಯೂ ಗ್ಯಾಸು ಹಾಕಿಸಿದ್ದಿಲ್ಲ. ಅಪ್ಪನಿಗೆ 84. ಎಸಿಯ ಬಗ್ಗೆ ಏನೂ ಗೊತ್ತಿಲ್ಲ, ಆದರೆ ಹಳೆಯ ಡೀಸೆಲ್ ಪಂಪಿನ ಜೊತೆ ಮೂವತ್ತು ವರ್ಷ ಗುದ್ದಾಡಿದವರು. ಡೀಸೆಲ್ ಉರಿಯುತ್ತದೆ, ಅದಕ್ಕೇ ತೀರುತ್ತದೆ. ಎಸಿಯಲ್ಲಿ ಗ್ಯಾಸು ಉರಿಯುವುದಿಲ್ಲ. ಒಳಗೆ ಹೋಗುವಾಗ ಕೋಣೆಯ ಬಿಸಿ ಹೀರುತ್ತದೆ, ಹೊರಗೆ ಬಂದು ಬಿಡುತ್ತದೆ, ಮತ್ತೆ ಒಳಗೆ. ಕಂಪ್ರೆಸರ್ ಎಂಬ ಪಂಪು ತಳ್ಳಿದ ಹಾಗೆ ಸುಮ್ನೆ ಸುತ್ತುತ್ತಾ ಇರುತ್ತದೆ. ಕಮ್ಮಿ ಆಯಿತೆಂದರೆ ಎಲ್ಲೋ ಸೋರಿದೆ, ಅಷ್ಟೇ. ಸೋರುವ ಕೊಡಪಾನಕ್ಕೆ ಮೂರು ವರ್ಷ ನೀರು ಹೊಯ್ದಿದ್ದೆ ನಾನು.

ಕುಂಬಳೆಯ ಕಡೆ ಒಬ್ಬರಿದ್ದಾರೆ, ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ಎಸಿ ಕೆಲಸ ಮಾಡಿ ಬಂದವರು ಎಂದು ಪಕ್ಕದ ತೋಟದ ಭಾವ ಹೇಳಿದ. ಊರಲ್ಲಿ ಎಲ್ಲರೂ ಅವರನ್ನು ಇಚ್ಚ ಎಂದೇ ಕರೆಯುವುದು. ಸ್ಕೂಟರಿನಲ್ಲಿ ಬಂದರು, ಹಿಂದೆ ಒಂದು ಪುಟ್ಟ ಸಿಲಿಂಡರು. ಒಳಗೆ ಬರಲೇ ಇಲ್ಲ. "ಔಟ್‌ಡೋರ್ ಎಲ್ಲಿಟ್ಟಿದ್ದೀರಿ ಭಟ್ರೇ?" ಎಂದರು. ಎಸಿಯ ಹೊರಗಿನ ಪೆಟ್ಟಿಗೆ ಇದ್ದ ಹಿಂಬದಿಗೆ ಕರೆದುಕೊಂಡು ಹೋದೆ. ದನದ ಹಟ್ಟಿಗೆ ಎದುರಿನ ಗೋಡೆ. ಕೆಳಗೇ ಗೊಬ್ಬರದ ಗುಂಡಿ. ಇಚ್ಚ ಹತ್ತು ಹೆಜ್ಜೆ ದೂರದಲ್ಲೇ ನಿಂತು ಮೂಗೆಳೆದರು.

"ಎಷ್ಟು ದನ?"

ಎಸಿ ನೋಡಲು ಬಂದವರು ದನ ಎಣಿಸುವುದೇ ಎಂದು ನಗು ಬಂತು. "ನಾಲ್ಕು" ಎಂದೆ.

ಮೊದಲು ಕರೆಂಟು ತೆಗೆದು ಪಕ್ಕದ ತಗಡು ಬಿಚ್ಚಿದರು. ಒಳಗೆ ಅಲ್ಯೂಮಿನಿಯಂ ಡಬ್ಬಿಯ ಹಾಗೆ ಒಂದು ವಸ್ತು. ನೋಡಿ ನನಗೆ ಮೈ ಬೆಚ್ಚಗಾಯಿತು. ಕೆಪಾಸಿಟರು! ನಮ್ಮ ಪಂಪಿನದರ ಅಣ್ಣನೋ ತಮ್ಮನೋ. "ಇದು ಸರಿ ಇದೆ" ಎಂದು ಮೀಟರು ಹಿಡಿದು ಹೇಳಿದರು. ಕಂಪ್ರೆಸರ್ ಹೋಯಿತು ಎಂದು ಹೇಳಿಸಿಕೊಂಡ ಎಷ್ಟೋ ಮನೆಗಳಲ್ಲಿ ಇದೊಂದನ್ನು ಬದಲಿಸಿ ಬಂದಿದ್ದಾರಂತೆ. ಅದಕ್ಕೆ ಕೆಲವು ನೂರು ರೂಪಾಯಿ ಅಷ್ಟೆ. ನಾನು ಕೈ ಹಾಕಲು ಹೋದಾಗ ಮಾತ್ರ ಗದರಿದರು. ಸ್ವಿಚ್ ತೆಗೆದರೂ ಅದರೊಳಗೆ ಕರೆಂಟು ಉಳಿದಿರುತ್ತದೆ, ಇಳಿಸದೆ ಮುಟ್ಟಬಾರದು. ಪಂಪಿನ ಹತ್ತಿರ ನನಗೆ ಒಮ್ಮೆ ಹೊಡೆದದ್ದೂ ಇದೆ.

ಆಮೇಲೆ ಪೈಪು ಸೇರುವ ಜಾಗ. ಇನ್ಸುಲೇಷನ್ ಸರಿಸಿದರು. ಹಿತ್ತಾಳೆಯ ನಟ್ಟಿನ ಸುತ್ತ ಧೂಳು ಅಂಟಿ ಕಪ್ಪಗೆ ಜಿಡ್ಡಾಗಿತ್ತು. "ಎಣ್ಣೆ ಪಸೆ ಕಂಡಲ್ಲಿ ಗ್ಯಾಸು ಹೋಗಿದೆ ಅಂತ ಲೆಕ್ಕ" ಎಂದರು. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ, ಗ್ಯಾಸು ಸೋರುವಾಗ ಅದೂ ಹೊರಗೆ ಬರುತ್ತದೆ. ಗ್ಯಾಸು ಹಾರಿ ಹೋಗುತ್ತದೆ, ಎಣ್ಣೆ ಸಾಕ್ಷಿಗೆ ಉಳಿಯುತ್ತದೆ. ಬಟ್ಟೆಯಲ್ಲಿ ಒರೆಸಿದರು. ಜಿಡ್ಡಿನ ಕೆಳಗೆ ನೀಲಿ ಹಸಿರು ಬಣ್ಣ. ನನಗೆ ಈ ಬಣ್ಣ ಗೊತ್ತು. ಪ್ರತಿ ಮಳೆಗಾಲದ ಮೊದಲು ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ ಎಂದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಕಲಸುವವನಿಗೆ ತಾಮ್ರದ ಬಣ್ಣ ಯಾರೂ ಹೇಳಿಕೊಡಬೇಕಾಗಿಲ್ಲ.

ಇಚ್ಚ ಪುಟ್ಟ ಸಿಲಿಂಡರಿನಿಂದ ಪೈಪಿಗೆ ನೈಟ್ರೋಜನ್ ಹಾಕಿದರು. ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸೋಪು ಕೇಳಿ ಲೋಟದಲ್ಲಿ ನೊರೆ ಮಾಡಿ ನಟ್ಟಿನ ಮೇಲೆ ಹಚ್ಚಿದರು. ಅರೆ ನಿಮಿಷ ಏನೂ ಇಲ್ಲ. ಆಮೇಲೆ ಗದ್ದೆಯ ಏಡಿ ಬಾಯಲ್ಲಿ ನೊರೆ ಬಿಡುತ್ತದಲ್ಲ, ಹಾಗೆ ಸಣ್ಣ ಸಣ್ಣ ಗುಳ್ಳೆ ಬರತೊಡಗಿತು. ನಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಕನ್ನಡಕ ಹಾಕಿಕೊಂಡೇ ನೋಡಬೇಕು. ನನ್ನ 8,300 ರೂಪಾಯಿ ಹೋದ ದಾರಿ ಅದು.

"ನಿಮ್ಮ ದನಗಳೇ ತಿಂದದ್ದು ಭಟ್ರೇ" ಎಂದರು ಇಚ್ಚ.

ಹಟ್ಟಿಯ ಗಾಳಿಯಲ್ಲಿ ಅಮೋನಿಯಾ ಇರುತ್ತದೆ. ತೇವ ಸೇರಿದರೆ ಅದು ತಾಮ್ರಕ್ಕೂ ಹಿತ್ತಾಳೆಗೂ ಆಗುವುದಿಲ್ಲ. ಇದನ್ನು ಕೇಳಿ ಅಬ್ಬೆ ಹಿಂದಿನ ಬಾಗಿಲಲ್ಲಿ ನಿಂತು ನಕ್ಕಳು. ಹಿತ್ತಾಳೆ ಗಿಂಡಿಯನ್ನು ಹಟ್ಟಿಯ ಕಟ್ಟೆಯಲ್ಲಿ ಇಡಬೇಡಿ, ಕಿಲುಬು ಹಿಡಿಯುತ್ತದೆ ಎಂದು ಅವಳು ನಮಗೆಲ್ಲ ಬೈಯುತ್ತಾ ಬಂದದ್ದು ಐವತ್ತು ವರ್ಷದಿಂದ. ಇಂಜಿನಿಯರಿಂಗ್ ಓದುವ ಸೋದರಳಿಯನಿಗೆ ಫೋನಿನಲ್ಲಿ ಹೇಳಿದರೆ ಅವನು ಇನ್ನೊಂದು ಕಥೆ ಹೇಳಿದ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಹಿತ್ತಾಳೆಯ ಕೋವಿ ತೋಟೆಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ಮುಗಿಯುವಾಗ ಹಿತ್ತಾಳೆಯೆಲ್ಲ ಬಿರುಕು. ಕುದುರೆ ಮೂತ್ರದ ಅಮೋನಿಯಾವೇ ಕಾರಣ ಎಂದು ಬಿಡಿಸಿ ಹೇಳಿದ್ದು 1921ರಲ್ಲಿ. ಅಷ್ಟು ಹಿಂದೆಯೇ ಗೊತ್ತಿದ್ದ ವಿಷಯ. ನಮ್ಮ ಎಸಿ ಕೂರಿಸಿದವನಿಗೆ ಆ ಗೋಡೆ ಕಂಡದ್ದು ಪೈಪು ಕಮ್ಮಿ ಸಾಕು ಎಂಬ ಒಂದೇ ಕಾರಣಕ್ಕೆ. ನನಗೂ ಅಷ್ಟೆ.

ನಟ್ಟು ಮಾತ್ರ ಆಗಿದ್ದರೆ ಐನೂರು ಆರುನೂರರಲ್ಲಿ ಮುಗಿಯುತ್ತಿತ್ತು. ಆದರೆ ಹೊರಗಿನ ಕಾಯಿಲ್ ಬಾಗುವ ಕಡೆ ಎರಡು ಜಾಗದಲ್ಲಿ ಗುಳ್ಳೆ ಬಂತು. ಅಲ್ಯೂಮಿನಿಯಂ ರೆಕ್ಕೆಗಳನ್ನು ಬೆರಳಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಅಂದರೆ ಆ ಕಂಪೆನಿಯವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಿಚ್ಚಿ ತೋರಿಸಿದ್ದರೆ ನಾನೂ ನಂಬುತ್ತಿದ್ದೆ.

ಕೆಪಾಸಿಟರ್, ಫ್ಯಾನ್ ಮೋಟಾರ್, ನೀರು ಹೋಗುವ ಪೈಪು ಕಟ್ಟಿದ್ದು, ಇದಕ್ಕೆಲ್ಲ ಯಾರೂ ಎಸಿ ಬದಲಿಸಬೇಡಿ ಎಂದರು ಇಚ್ಚ. ಕಾಯಿಲ್ ಅಥವಾ ಕಂಪ್ರೆಸರ್ ಹೋದರೆ ಮಾತ್ರ ಕೂತು ಲೆಕ್ಕ ಹಾಕಬೇಕು. ನಮ್ಮದಕ್ಕೆ ಹತ್ತು ವರ್ಷ ಆಗಿತ್ತು. ಒಳಗಿದ್ದದ್ದು ಆರ್‌22 ಗ್ಯಾಸು. ಓಝೋನ್ ಪದರಕ್ಕೆ ಕೆಡುಕು ಎಂದು ಜಗತ್ತೇ ಬಿಡುತ್ತಾ ಬಂದಿರುವ ಗ್ಯಾಸದು, ನಮ್ಮ ದೇಶಕ್ಕೂ 2030ರ ಗಡುವು ಇದೆ. ಇನ್ನು ಕರೆಂಟು. ನಾನು ಮೀಟರು ನೋಡಿ ಬರೆದಿಟ್ಟಿದ್ದೆ, ಒಂದು ರಾತ್ರಿಗೆ ಒಂಬತ್ತು ಯೂನಿಟ್. ಕೇರಳದಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳ ಲೆಕ್ಕದಲ್ಲಿ 250 ಯೂನಿಟ್, ಅಂದರೆ ಬಿಲ್ಲಿನಲ್ಲಿ 500 ದಾಟಿತೋ, ದಾಟಿದ ಯೂನಿಟ್ಟಿಗೆ ಮಾತ್ರವಲ್ಲ, ಮೊದಲನೇ ಯೂನಿಟ್ಟಿನಿಂದಲೇ ಹೆಚ್ಚಿನ ದರ. ಏಪ್ರಿಲ್, ಮೇಯಲ್ಲಿ ಅಪ್ಪನ ಕೋಣೆ ಒಂದೇ ನಮ್ಮನ್ನು ಆ ಗೆರೆ ದಾಟಿಸುತ್ತಿತ್ತು. ಹದಿನಾಲ್ಕು ಸಾವಿರ ಇದಕ್ಕೆ ಹಾಕುವುದು ಬೇಡ ಎಂದು ಆಯಿತು.

ಅಂಗಡಿಯವನು ಮತ್ತೆ ಒಂದೂವರೆ ಟನ್ ತೋರಿಸಿದ. ಹತ್ತು ಹನ್ನೆರಡಡಿಯ ಕೋಣೆಗೆ ಒಂದು ಟನ್ ಸಾಕು, ಮೊದಲು ತಾರಸಿ ಮೇಲೆ ಶೀಟು ಹಾಕಿಸಿ ಎಂದು ಇಚ್ಚ ಹೇಳಿ ಕಳಿಸಿದ್ದರು. ಶೀಟು ಮಳೆಗಾಲದ ಸೋರಿಕೆಗೆಂದು ಆಗಲೇ ಹಾಕಿಸಿದ್ದೆ. ಸ್ಟಾರ್ ಚೀಟಿ ಓದುವುದನ್ನು ಅಲ್ಲೇ ಕಲಿತೆ. ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದಿರುತ್ತದೆ, ವರ್ಷಕ್ಕೆ 1,600 ಗಂಟೆ ಓಡಿಸುವ ಲೆಕ್ಕದಲ್ಲಿ. ಫೆಬ್ರವರಿಯಿಂದ ಮೇವರೆಗೆ ರಾತ್ರಿ ಮಾತ್ರ ಓಡಿಸುವ ನಮಗೆ ಸಾವಿರ ಗಂಟೆ ಆಗಬಹುದು. ಚೀಟಿಯ ವರ್ಷವನ್ನೂ ನೋಡಬೇಕು. ನಿಯಮ ಬಿಗಿಯಾದಾಗೆಲ್ಲ ಹಳೆಯ ಐದು ಸ್ಟಾರು ನಾಲ್ಕೋ ಮೂರೋ ಆಗುತ್ತದೆ. "ಹತ್ತು ವರ್ಷ ವಾರಂಟಿ" ಎಂದು ದೊಡ್ಡದಾಗಿ ಬರೆದದ್ದು ಕಂಪ್ರೆಸರಿಗೆ ಮಾತ್ರ ಎಂಬುದನ್ನು ಸಣ್ಣ ಅಕ್ಷರದಲ್ಲಿ ಓದಿದೆ.

ಕೂರಿಸುವ ದಿನ, ಮೇ 16, ನಾನು ಇಚ್ಚನನ್ನೂ ಬರಹೇಳಿದ್ದೆ. ಔಟ್‌ಡೋರ್ ಈ ಸಲ ಪೂರ್ವದ ಗೋಡೆಗೆ, ಹಟ್ಟಿಯಿಂದ ದೂರ. ಪೆಟ್ಟಿಗೆಯಲ್ಲಿ ಬಂದ ಪೈಪು ಮೂರು ಮೀಟರ್, ನಮಗೆ ಐದು ಬೇಕಾಯಿತು. ಹೆಚ್ಚಿನ ಪೈಪಿನ ದುಡ್ಡು ಕೊಡುವಾಗ ನಾನು ಚೌಕಾಸಿ ಮಾಡಲಿಲ್ಲ. ಅಂಗಡಿಯಿಂದ ಬಂದ ಹುಡುಗರು ಪೈಪು ಸೇರಿಸಿ, ಸ್ವಲ್ಪ ಗ್ಯಾಸು "ಪುಸ್" ಎಂದು ಬಿಟ್ಟು ಮುಗಿಸುವ ತಯಾರಿಯಲ್ಲಿದ್ದರು. ಇಚ್ಚ "ವ್ಯಾಕ್ಯೂಮ್ ಪಂಪ್ ಎಲ್ಲಿ?" ಎಂದರು. ಅದು ವ್ಯಾನಿನಲ್ಲೇ ಇತ್ತು, ಇಳಿಸಿರಲಿಲ್ಲ ಅಷ್ಟೆ! ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ಪಂಪಿನ ಪೈಪಿಗೆ ಗಾಳಿ ಹೊಕ್ಕರೆ ನೀರೇ ಎತ್ತುವುದಿಲ್ಲ ಅಲ್ವಾ, ಇಲ್ಲೂ ಗಾಳಿ ಶತ್ರುವೇ. ಹೊಸದರಲ್ಲಿರುವುದು ಆರ್‌32, ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸು, ಹಾಗಾಗಿ ಬೀಡಿ ಹಚ್ಚಹೊರಟ ಒಬ್ಬನನ್ನು ಇಚ್ಚ ಅಂಗಳಕ್ಕೆ ಅಟ್ಟಿದರು. ಮುಂದೆ ಯಾವತ್ತಾದರೂ ಗ್ಯಾಸು ಹಾಕಿಸಬೇಕಾದರೆ ತೂಕ ಮಾಡಿ ಹಾಕಿಸಿ ಎಂದೂ ಹೇಳಿದರು. ಎಷ್ಟು ಹಿಡಿಯುತ್ತದೆ ಎಂದು ಮೆಷಿನಿನ ಚೀಟಿಯಲ್ಲೇ ಇರುತ್ತದೆ. ಹಿಂದೆ ಬಂದ ಮೂವರಲ್ಲಿ ಒಬ್ಬನೂ ತಕ್ಕಡಿ ತಂದಿರಲಿಲ್ಲ. ಹತ್ತು ಕೆ.ಜಿ. ಅಡಿಕೆಯನ್ನೂ ಎರಡು ಸಲ ತೂಗಿಸುವ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಹೊಸದು ರಾತ್ರಿಗೆ ನಾಲ್ಕು ಯೂನಿಟ್ ಒಳಗೇ ಮುಗಿಸಿತು. 26ಕ್ಕೆ ಇಟ್ಟು ಫ್ಯಾನು ಸಣ್ಣಗೆ ಹಾಕಿದರೆ ಅಪ್ಪನಿಗೆ ಹಿತ. ಗುಡುಗಿನ ಸಂಜೆ ಮಾತ್ರ ಅದರ ಎಂಸಿಬಿ ಸ್ವಿಚ್ಚು ಇಳಿಸಿಬಿಡುತ್ತೇವೆ. ಇದು ಬೇಕಾದಷ್ಟೇ ವೇಗದಲ್ಲಿ ಓಡುವ ಇನ್ವರ್ಟರ್ ಎಸಿ, ಅದರ ಬೋರ್ಡು ಸುಟ್ಟರೆ ಖರ್ಚು ಕಮ್ಮಿಯದ್ದಲ್ಲ, ಪಗ್ಗು ತಿಂಗಳ, ಅಂದರೆ ಏಪ್ರಿಲ್-ಮೇಯ ಸಿಡಿಲಿಗೆ ನಮ್ಮೂರಲ್ಲಿ ಟಿವಿ ಕಳೆದುಕೊಳ್ಳದ ಮನೆ ಇಲ್ಲ.

ಎಂಟು ದಿನ ಓಡಿತು. 24ಕ್ಕೆ ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮುನ್ನ ತುಳುನಾಡಿನ ಕೋಲ, ಆಟಗಳೆಲ್ಲ ನಿಲ್ಲುವ ದಿನ, ಅವತ್ತೇ ಕೇರಳಕ್ಕೆ ಮುಂಗಾರು ಕಾಲಿಟ್ಟಿತು, ವಾಡಿಕೆಗಿಂತ ಒಂದು ವಾರ ಮುಂಚೆ. ನಾನು ಎಸಿಯ ಹಿಂದೆ ಓಡಾಡುತ್ತಾ ಬೋರ್ಡೋ ಹೊಡೆಸುವುದನ್ನು ಮುಂದೂಡಿದ್ದೆ. ಮೈಲುತುತ್ತಿನ ಚೀಲ ಹಾಗೇ ಕೂತಿತ್ತು. ಸಾಲದ್ದಕ್ಕೆ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಪೇಪರಿನ ಆ ಪುಟವನ್ನು ಅಬ್ಬೆ ಮಡಚಿ ನನ್ನ ಕಾಫಿ ಲೋಟದ ಪಕ್ಕ ಇಟ್ಟಿದ್ದಳು.

ಹಟ್ಟಿಯ ಕಡೆಯ ಗೋಡೆಯಲ್ಲಿ ಹಳೆಯ ಕಬ್ಬಿಣದ ಬ್ರಾಕೆಟ್ ಇನ್ನೂ ಇದೆ. ಅಬ್ಬೆ ಅದರ ಮೇಲೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ, ಒಣಗಲು ಇಡುತ್ತಾಳೆ. ಹಿತ್ತಾಳೆಯದು ಯಾವುದನ್ನೂ ಇಡುವುದಿಲ್ಲ.