ಹುಬ್ಬಳ್ಳಿಯಿಂದ ನೇರ ಯುರೋಪ್‌ಗೆ? ಮೊದಲು ಬೆಂಗಳೂರಿನ ಕೊಂಡಿ ಗಟ್ಟಿಯಾಗಲಿ

ಹೋದ ಜುಲೈನಲ್ಲಿ ತಂಗಿಯ ಬಾಣಂತನಕ್ಕೆ ಅವ್ವನನ್ನು ಜರ್ಮನಿಗೆ ಕಳಿಸಿದೆವು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ವಿಮಾನ ರಾತ್ರಿ ಮೂರರ ಸುಮಾರಿಗೆ. ಅದಕ್ಕೂ ಮುಂಚೆ ಸಂಜೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇನ್ನೊಂದು ಕಂಪನಿಯ ವಿಮಾನ, ಅದಕ್ಕೆ ಬೇರೆ ಟಿಕೆಟ್. ಬೀಳ್ಕೊಡೋಕೆ ಅಂತ ನಾನೂ ಅಲ್ಲಿಯವರೆಗೆ ಹೊರಟಿದ್ದೆ. ಮಧ್ಯಾಹ್ನ ಮೂರಕ್ಕೆ ಫೋನಿಗೆ ಮೆಸೇಜ್ ಬಂತು, ಇವತ್ತಿನ ವಿಮಾನ ರದ್ದು ಅಂತ.

ಕೈಕಾಲು ಆಡಲಿಲ್ಲ. ಫ್ರಾಂಕ್‌ಫರ್ಟ್ ಕಂಪನಿಗೆ ಫೋನ್ ಮಾಡಿದರೆ ಅವರು ಹೇಳಿದ್ದು ಒಂದೇ ಮಾತು: ಎರಡೂ ಬೇರೆ ಟಿಕೆಟ್, ನೀವು ಬಂದರೆ ವಿಮಾನ, ಬರದಿದ್ದರೆ ಟಿಕೆಟ್ ಹೋಯಿತು. ಓಣಿಯವರೊಬ್ಬರ ಕಾರು ಬಾಡಿಗೆಗೆ ಹಿಡಿದು ಮೂರೂವರೆಗೆ ಹೊರಟೆವು. ಹಾವೇರಿ, ರಾಣೆಬೆನ್ನೂರು, ದಾವಣಗೆರೆ, ಚಿತ್ರದುರ್ಗ, ತುಮಕೂರು, ದಾರಿ ತುಂಬ ಮಳೆ. ಎಪ್ಪತ್ನಾಲ್ಕು ವರ್ಷದ ಹೆಣ್ಣುಮಗಳು, ಮೊಣಕಾಲು ಮಡಚೋಕೆ ಆಗಲ್ಲ. ನಾನು ಬೈದುಕೊಳ್ಳುತ್ತಿದ್ದರೆ ಅವ್ವ ಹಿಂದಿನ ಸೀಟಿನಿಂದ, "ಬಿಡಪಾ, ರೊಟ್ಟಿ ಬುತ್ತಿ ಅದ, ಕಾರಿನಾಗ ಉಂಡರಾತು" ಅಂದಳು. ರಾತ್ರಿ ಹನ್ನೊಂದೂವರೆಗೆ ಏರ್‌ಪೋರ್ಟ್ ಮುಟ್ಟಿದೆವು. ಮುಟ್ಟಿದೆವು ಅನ್ನೋದೇ ದೊಡ್ಡದು.

ಅದಕ್ಕೇ ಗೆಳೆಯರು ಕೂಡಿದಾಗ "ನಮ್ಮ ಹುಬ್ಬಳ್ಳಿಯಿಂದಲೇ ನೇರ ಲಂಡನ್‌ಗೆ, ಫ್ರಾಂಕ್‌ಫರ್ಟ್‌ಗೆ ವಿಮಾನ ಬರಬೇಕು" ಅಂದರೆ ನನಗೆ ಆ ಆಸೆ ಅರ್ಥವಾಗುತ್ತದೆ. 2024ರ ಮಾರ್ಚ್ 10ರಂದು ಗೋಕುಲ ರಸ್ತೆಯ ನಮ್ಮ ನಿಲ್ದಾಣದ ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆ ಆದ ಮೇಲಂತೂ ಈ ಮಾತು ಜಾಸ್ತಿಯಾಗಿದೆ. ಟರ್ಮಿನಲ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೂರದ ವಿಮಾನ ಬಂದು ನಿಲ್ಲೋದು, ನಿಂತು ಬಾಳೋದು ಟರ್ಮಿನಲ್ ಕಟ್ಟಡದಿಂದ ಅಲ್ಲ.

ಮೊದಲು ರನ್‌ವೇ ನೋಡೋಣ. ನಮ್ಮದು ಎರಡೂವರೆ ಸಾವಿರ ಮೀಟರಿನ ಆಸುಪಾಸು. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮೇ 1,507 ಮೀಟರ್ ಇದೆ, ಅಂದರೆ ಆ ಪ್ಲಾಟ್‌ಫಾರ್ಮಿನ ಒಂದೂವರೆ ಪಟ್ಟಿಗಿಂತ ತುಸು ಜಾಸ್ತಿ. ಏರ್‌ಬಸ್ 320ರಂಥ ವಿಮಾನ ದೆಹಲಿಗೆ ಹೋಗೋಕೆ ಇಷ್ಟು ಸಾಕು. ಯುರೋಪಿನ ಲೆಕ್ಕ ಬೇರೆ. ಬೋಯಿಂಗ್ 787 ತಾಸಿಗೆ ಸುಮಾರು 5 ಟನ್ ಇಂಧನ ಕುಡಿಯುತ್ತದೆ. ಒಂಬತ್ತು-ಹತ್ತು ತಾಸಿನ ದಾರಿಗೆ 45ರಿಂದ 50 ಟನ್, ಅದರ ಮೇಲೆ ಆಪತ್ತಿಗೆ ಅಂತ ಇಟ್ಟುಕೊಳ್ಳೋದು ಬೇರೆ. ಅಷ್ಟು ಭಾರ ಹೊತ್ತು ಏಳೋಕೆ ಉದ್ದದ ಓಟ ಬೇಕು. ಮೇಲಾಗಿ ನಮ್ಮ ನಿಲ್ದಾಣ ಸಮುದ್ರ ಮಟ್ಟದಿಂದ 660 ಮೀಟರ್ ಎತ್ತರದಲ್ಲಿದೆ, ಏಪ್ರಿಲ್ ಮಧ್ಯಾಹ್ನ ಬಿಸಿಲು 38 ಡಿಗ್ರಿ ಮುಟ್ಟುತ್ತದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೂ ಶಕ್ತಿ ಕಡಿಮೆ. ತುಂಬಿದ ಲಾರಿ ಅರಬೈಲ್ ಘಟ್ಟ ಹತ್ತುವಾಗ ಹೇಗೆ ಏದುಸಿರು ಬಿಡುತ್ತದೆ ನೋಡಿದ್ದೀರಲ್ಲ, ಹಾಗೆ. ಲಾರಿಯಾದರೆ ನಿಧಾನವಾಗಿ ಹತ್ತೀತು. ವಿಮಾನಕ್ಕೆ ರನ್‌ವೇ ಮುಗಿಯೋದರೊಳಗೆ ಆ ವೇಗ ಬರಲೇಬೇಕು. ಬರೋಲ್ಲ ಅಂದರೆ ಭಾರ ಇಳಿಸಬೇಕು: ಇಂಧನ ಇಳಿಸಿದರೆ ಊರು ಮುಟ್ಟಲ್ಲ, ಜನ ಇಳಿಸಿದರೆ ಖರ್ಚು ಹುಟ್ಟಲ್ಲ. ಬೆಂಗಳೂರಿನಲ್ಲಿ ರನ್‌ವೇ 4,000 ಮೀಟರ್ ಇರೋದು ಸುಮ್ನೆ ಅಲ್ಲ.

ಇನ್ನು ದೊಡ್ಡ ವಿಮಾನಕ್ಕೆ ತಕ್ಕ ಅಗ್ನಿಶಾಮಕ ವ್ಯವಸ್ಥೆ, ಇಮಿಗ್ರೇಷನ್, ಕಸ್ಟಮ್ಸ್, ಇವೆಲ್ಲ ಬೇಕು. ಇವನ್ನು ದುಡ್ಡು ಹಾಕಿ ಮಾಡಬಹುದು. ರನ್‌ವೇಯನ್ನೂ ಭೂಮಿ ಸಿಕ್ಕರೆ ಉದ್ದ ಮಾಡಬಹುದು. ದುಡ್ಡು ಕೊಟ್ಟರೂ ಸಿಗದ್ದು ಒಂದಿದೆ, ಅದು ಸುಮ್ಮನೆ ಒಂದು ಮಂಗಳವಾರ ಹೊರಡೋಕೆ ಬೇಕಾದಷ್ಟು ಜನ.

ಏರ್ ಇಂಡಿಯಾದ 787-8ರಲ್ಲಿ 256 ಸೀಟು. ವಾರಕ್ಕೆ ನಾಲ್ಕು ಸಲ ಹಾರಿದರೆ, ನೂರಕ್ಕೆ ಎಂಬತ್ತು ಸೀಟು ತುಂಬಿದರೆ, ವಾರಕ್ಕೆ 800ಕ್ಕೂ ಜಾಸ್ತಿ ಜನ ಹೋಗಬೇಕು, ಅಷ್ಟೇ ಜನ ಬರಬೇಕು. ವರ್ಷದ 52 ವಾರವೂ. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಜನಗಣತಿಯಲ್ಲೇ ಒಂಬತ್ತೂವರೆ ಲಕ್ಷದ ಹತ್ತಿರ ಇತ್ತು, ಗದಗ, ಹಾವೇರಿಯವರನ್ನೂ ಸೇರಿಸಿದರೆ ಇನ್ನೂ ಜಾಸ್ತಿ, ಹಾಗಾಗಿ ಜನ ಇಲ್ಲವಾ ಅಂತ ಕೇಳಬಹುದು. ಇದ್ದಾರೆ. ಆದರೆ ಅವರು ಯಾವಾಗ ಹೊರಡುತ್ತಾರೆ?

ಧಾರವಾಡದಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ 22 ಮನೆ. ಅದರಲ್ಲಿ ಒಂಬತ್ತು ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ. ಒಂದು ಸಂಜೆ ಕೆಳಗೆ ಕಟ್ಟೆಯ ಮೇಲೆ ಕೂತಾಗ ಎಲ್ಲರನ್ನೂ ಕೇಳಿದೆ. ತಾಯಂದಿರು ಹೋಗೋದು ಬಾಣಂತನಕ್ಕೆ, ಇಲ್ಲ ಅಂದರೆ ಮೊಮ್ಮಕ್ಕಳಿಗೆ ಬೇಸಿಗೆ ರಜೆ ಇದ್ದಾಗ. ಮಕ್ಕಳು ಬರೋದು ಡಿಸೆಂಬರಿನಲ್ಲಿ, ಮದುವೆಗೆ, ಯಾರಾದರೂ ಹಾಸಿಗೆ ಹಿಡಿದಾಗ. ಫೆಬ್ರವರಿಯಲ್ಲಿ, ಸೆಪ್ಟೆಂಬರಿನಲ್ಲಿ ಯಾರು ಹೋಗುತ್ತಾರೆ ಅಂದರೆ ಒಬ್ಬರೂ ಕೈ ಎತ್ತಲಿಲ್ಲ. ಹೋಗಬೇಕಾದ ಊರುಗಳಾದರೂ ಒಂದೇ ಕಡೆ ಇವೆಯಾ? ಡಲ್ಲಾಸ್, ಮ್ಯೂನಿಕ್, ಸಿಡ್ನಿ, ಟೊರಾಂಟೊ, ದುಬೈ. ಯಾವ ಊರಿಗೆ ಅಂತ ವಿಮಾನ ಬಿಡಬೇಕು?

ಅಮೃತಸರ ನೋಡಿ. ಅದೂ ಮಹಾನಗರ ಅಲ್ಲ, ಆದರೂ ಅಲ್ಲಿಂದ ಬರ್ಮಿಂಗ್‌ಹ್ಯಾಮ್‌ಗೆ ನೇರ ವಿಮಾನ ಹಾರಿದೆ. ರನ್‌ವೇ 3,600 ಮೀಟರಿಗೂ ಉದ್ದ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಪಂಜಾಬಿನ ಹಳ್ಳಿಹಳ್ಳಿಗಳಿಂದ ಜನ ಹೋಗಿ ನೆಲೆಸಿದ್ದು ಬ್ರಿಟನ್ನಿನ ಅದೇ ಕೆಲವು ಊರುಗಳಲ್ಲಿ. ಎರಡು ಮೂರು ತಲೆಮಾರಿನಿಂದ ಹೋಗಿ ಬಂದು ಮಾಡಿದ ದಾರಿ ಅದು. ನಮ್ಮವರು ಚೆದುರಿ ಹೋಗಿದ್ದಾರೆ.

ಬೆಲ್‌ಫಾಸ್ಟ್ ಕಥೆ ನನ್ನನ್ನು ಇನ್ನೂ ಕಾಡುತ್ತದೆ. ಉತ್ತರ ಐರ್ಲೆಂಡಿನ ಆ ಊರಿನಿಂದ 2005ರಲ್ಲಿ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ಗೆ ನೇರ ವಿಮಾನ ಶುರುವಾಯಿತು. ಊರಿನವರಿಗೆ ಅದು ಹೆಮ್ಮೆ. ಆದರೆ ರಸ್ತೆಯಲ್ಲಿ ಎರಡು ತಾಸು ಹೋದರೆ ಡಬ್ಲಿನ್. ಅಲ್ಲಿ ಅಮೆರಿಕಕ್ಕೆ ಹೋಗೋ ವಿಮಾನ ಜಾಸ್ತಿ, ಅಮೆರಿಕದ ಇಮಿಗ್ರೇಷನ್ ತಪಾಸಣೆಯೂ ಡಬ್ಲಿನ್‌ನಲ್ಲೇ ಮುಗಿಯುತ್ತದೆ. ಜನ ಅಲ್ಲಿಗೆ ಹೋದರು. 2016ರಲ್ಲಿ ಅಲ್ಲಿನ ಸರ್ಕಾರ ಆ ಒಂದು ವಿಮಾನ ಉಳಿಸೋಕೆ 90 ಲಕ್ಷ ಪೌಂಡ್ ಕೊಡಲು ಮುಂದಾಯಿತು. ಬ್ರಿಟನ್ ಆಗಿನ್ನೂ ಐರೋಪ್ಯ ಒಕ್ಕೂಟದಲ್ಲಿತ್ತು, ಆ ಒಕ್ಕೂಟದ ಆಯೋಗ ಅದು ನಿಯಮಕ್ಕೆ ವಿರುದ್ಧ ಅಂದಿತು. 2017ರ ಜನವರಿಯಲ್ಲಿ ವಿಮಾನ ನಿಂತಿತು. ಹನ್ನೊಂದು ವರ್ಷ ನಡೆದದ್ದು, ದುಡ್ಡು ಕೊಡುತ್ತೇವೆ ಅಂದರೂ ಉಳಿಯಲಿಲ್ಲ.

ನಮ್ಮ ಸುತ್ತ ಎಷ್ಟು ಡಬ್ಲಿನ್ ಇವೆ ಎಣಿಸಿ. ನೂರು ಕಿಲೋಮೀಟರ್ ಒಳಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ, ಅದಕ್ಕೂ ನಮ್ಮದಕ್ಕೆ ಆದ ದಿನವೇ ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆ ಆಯಿತು. ಘಟ್ಟ ಇಳಿದರೆ ಗೋವಾದ ದಾಬೋಲಿಂ, 2023ರಿಂದ ಮೋಪಾ ಕೂಡ. ಮೋಪಾದ ರನ್‌ವೇ 3,500 ಮೀಟರ್, ಜೊತೆಗೆ ಪ್ರವಾಸಿಗರ ದಂಡು. ಈ ಕಡೆ ಬೆಂಗಳೂರು ಅಂತೂ ಇದ್ದೇ ಇದೆ. ಬೆಂಗಳೂರಿನಿಂದ ಹಾರುವ ಫ್ರಾಂಕ್‌ಫರ್ಟ್ ವಿಮಾನ ಬೆಂಗಳೂರಿನವರಿಂದ ಮಾತ್ರ ತುಂಬೋದಿಲ್ಲ, ನಮ್ಮಂಥ ಹತ್ತಾರು ಊರಿನವರು ಬಂದು ಸೇರುತ್ತಾರೆ. ಹುಬ್ಬಳ್ಳಿಗೆ ಬಂದು ವಿಮಾನ ಬದಲಿಸುವವರು ಯಾರು?

ಸರಕಿನ ಮಾತೂ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ ಅಂತಾರೆ. ಒಣ ಮೆಣಸಿನಕಾಯಿಗೆ ಅವಸರವಿಲ್ಲ, ಅದು ಹಡಗಿನಲ್ಲಿ ಹೋಗುತ್ತದೆ, ಹೋಗಲಿ, ಬಾಡಿಗೆ ಕಡಿಮೆ. ವಿಮಾನ ಬೇಕಾದದ್ದು ಕೆಲಗೇರಿ ಕಡೆಯ ಆಪೂಸ್ ಮಾವಿಗೆ. ಅದರ ಸುಗ್ಗಿ ಎರಡು ತಿಂಗಳು.

ಹಾಗಂತ ಸುಮ್ಮನೆ ಕೂರಬೇಕು ಅಂತ ನಾನು ಹೇಳುತ್ತಿಲ್ಲ. ದುಬೈ, ಅಬುಧಾಬಿ ಮೂರು ಮೂರೂವರೆ ತಾಸಿನ ದಾರಿ, ಈಗ ನಮ್ಮಲ್ಲಿಗೆ ಬರುವಂಥ ವಿಮಾನವೇ ಅಲ್ಲಿಗೆ ಹೋಗಬಲ್ಲದು. ಮಂಗಳೂರಿನಿಂದ ದುಬೈಗೆ 2006ರಲ್ಲೇ ಶುರುವಾಯಿತು, ಇವತ್ತಿಗೂ ನಡೆದಿದೆ, ಯಾಕೆಂದರೆ ಕರಾವಳಿಯ ಮನೆಮನೆಯಿಂದ ಕೊಲ್ಲಿಗೆ ದುಡಿಯೋಕೆ ಹೋದವರಿದ್ದಾರೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ವಾರಕ್ಕೆ ಎರಡು ಸಲ ಬಿಟ್ಟು ನೋಡಬಹುದು. ಕೊಲ್ಲಿಯ ಕಂಪನಿಗಳು ತಾವಾಗಿ ಬರೋಕೆ ಆಗಲ್ಲ, ಎರಡು ದೇಶದ ಒಪ್ಪಂದದಲ್ಲಿ ಹೆಸರಿರುವ ಊರಿಗಷ್ಟೇ ಅವರಿಗೆ ಅವಕಾಶ. ನಮ್ಮ ದೇಶದ ಕಂಪನಿಯೇ ಮನಸ್ಸು ಮಾಡಬೇಕು.

ನಾನು ಕೇಳೋದು ಅದಕ್ಕಿಂತ ಸಣ್ಣದು, ನಾಳೆಯೇ ಆಗಬಹುದಾದದ್ದು. ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಬೆಂಗಳೂರಿನಿಂದ ಹೊರಡುವ ಯುರೋಪ್ ವಿಮಾನಗಳಿಗೆ ಹೊಂದುವಂತೆ ಹುಬ್ಬಳ್ಳಿಯಿಂದ ಸಂಜೆ ಒಂದು ವಿಮಾನ, ಬೆಳಗಿನ ಜಾವ ಬಂದಿಳಿದವರಿಗೆ ಬೆಳಿಗ್ಗೆ ವಾಪಸ್ ಒಂದು. ಇದು ತಿಂಗಳಿಗೊಮ್ಮೆ ಹೊತ್ತು ಬದಲಾಗಬಾರದು. ಹುಬ್ಬಳ್ಳಿಯಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಸಿಗಬೇಕು. ಒಂದೇ ಟಿಕೆಟ್ ಆದರೆ ಮೊದಲ ವಿಮಾನ ತಡವಾದರೂ ರದ್ದಾದರೂ ಮುಂದಿನದಕ್ಕೆ ಕೂರಿಸುವ ಹೊಣೆ ಅವರದು. ಬ್ಯಾಗಿಗೂ ಗೋಕುಲ ರಸ್ತೆಯಲ್ಲೇ ಕೊನೆಯ ಊರಿನ ಟ್ಯಾಗ್ ಬೀಳಬೇಕು. ವಾಪಸ್ ಬರುವಾಗ ದೇಶದೊಳಗೆ ಮೊದಲು ಇಳಿದಲ್ಲಿ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಲೇಬೇಕು, ಅದು ಕಾನೂನು. ಹೋಗುವಾಗಲಾದರೂ ವಯಸ್ಸಾದವರು ಬೆಂಗಳೂರಿನಲ್ಲಿ ಪೆಟ್ಟಿಗೆ ಎಳೆದುಕೊಂಡು ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಬಸ್ ಹತ್ತೋದು ತಪ್ಪಲಿ.

ಹೀಗೆ ಒಂದೇ ಟಿಕೆಟಿನಲ್ಲಿ ಹೋದರೆ ಇನ್ನೊಂದು ಲಾಭ ಇದೆ. ಹುಬ್ಬಳ್ಳಿಯಿಂದ ಎಷ್ಟು ಜನ ಯಾವ ದೇಶಕ್ಕೆ ಹೋಗುತ್ತಾರೆ ಅನ್ನೋದು ಕಂಪನಿಗಳ ಲೆಕ್ಕದಲ್ಲಿ ಬೀಳುತ್ತದೆ. ಈಗ ನಾವು ವಂದೇ ಭಾರತ್ ರೈಲಿನಲ್ಲೋ ಸ್ಲೀಪರ್ ಬಸ್ಸಿನಲ್ಲೋ ಬೆಂಗಳೂರಿಗೆ ಹೋಗಿ ಅಲ್ಲಿಂದ ಹತ್ತುತ್ತೇವೆ. ಅವರ ಲೆಕ್ಕದಲ್ಲಿ ನಾವು ಬೆಂಗಳೂರಿನವರು.

ಬರುವ ಆಗಸ್ಟಿನಲ್ಲಿ ಮೊಮ್ಮಗಳ ಮೊದಲ ಹುಟ್ಟುಹಬ್ಬ, ಅವ್ವ ಮತ್ತೆ ಹೊರಟಿದ್ದಾಳೆ. ಒಂದೇ ಟಿಕೆಟಿನಲ್ಲಿ ಆಗುವಂಥದ್ದು ಹುಡುಕಿ ಅಂತ ಏಜೆಂಟರಿಗೆ ಹೇಳಿದ್ದೇನೆ, ನಾಲ್ಕೈದು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ ಅಂದಿದ್ದೇನೆ. ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಪೇಡೆಯ ಡಬ್ಬಿ ಎಲ್ಲ ಸೇರಿ 23 ಕಿಲೋ ದಾಟಬಾರದು ಅಂತ ತೂಗೋ ಕೊಕ್ಕೆ ತಂದಿಟ್ಟಿದ್ದೇನೆ. ಅವ್ವ ಆಗಲೇ ಎರಡು ಸಲ ಕೇಳಿದಳು: "ಈ ಸಲ ಚೀಲ ಹುಬ್ಬಳ್ಳ್ಯಾಗ ಕೊಟ್ಟರ ಸೀದಾ ಅಲ್ಲೇ ಸಿಗತದೇನು?" ಏಜೆಂಟರ ಫೋನಿಗೆ ಕಾಯುತ್ತಿದ್ದೇನೆ.